ಮದುವೆಗೆ ಮೊದಲು ಅತ್ತೆಯನ್ನು ಏನೆಂದು ಕರೆಯುತ್ತಿದ್ದಿರಿ?

ಮಣಿಪಾಲದಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಕಳೆದ ತಿಂಗಳು ಫೋನ್ ಮಾಡಿದ್ದಳು. "ಅಕ್ಕಾ, ಸಮ್ಮೇಳನಕ್ಕೆ ಗೋಷ್ಠಿಯೊಂದರ ಪ್ರಸ್ತಾವ ಕಳುಹಿಸಬೇಕು ಎಂದುಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದಳು. ಅರ್ಧ ಗಂಟೆ ಮಾತನಾಡಿದರೂ ಹೇಳಬೇಕಾದದ್ದರಲ್ಲಿ ಅರ್ಧವೂ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಮೆರಿಕದ ಆಸ್ಪತ್ರೆಯೊಂದರಲ್ಲಿ ಹತ್ತು ವರ್ಷಗಳಿಂದ ಇದೇ ಕೆಲಸ, ಅಂದರೆ ವಂಶದಲ್ಲಿ ಹರಿದು ಬರುವ ಕಾಯಿಲೆಗಳ ಬಗ್ಗೆ ಕುಟುಂಬಗಳೊಂದಿಗೆ ಸಮಾಲೋಚನೆ ಮಾಡುತ್ತಿದ್ದೇನೆ. ಕುಟುಂಬದಲ್ಲಿ ಯಾರಿಗೆ ಯಾವ ಕಾಯಿಲೆ ಬಂದಿತ್ತು ಎಂದು ಕೇಳಿ ವಂಶವೃಕ್ಷ ಬರೆಯುತ್ತೇವೆ. ಯಾವ ಪರೀಕ್ಷೆಯಿಂದ ಏನು ತಿಳಿಯಬಹುದು, ಏನು ತಿಳಿಯಲಾರದು ಎಂದು ವಿವರಿಸುತ್ತೇವೆ. ವರದಿ ಬಂದ ಮೇಲೆ ಅದರ ಅರ್ಥ ಹೇಳಿ, ತೀರ್ಮಾನವನ್ನು ಅವರಿಗೇ ಬಿಡುತ್ತೇವೆ. ಇದಕ್ಕೆಂದೇ ಮೊದಲ ಸ್ನಾತಕೋತ್ತರ ಕೋರ್ಸ್ ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ 1969ರಲ್ಲಿ ಆರಂಭವಾಯಿತು. ಹತ್ತು ವರ್ಷಗಳ ನಂತರ, 1979ರಲ್ಲಿ, ವೃತ್ತಿನಿರತರ ರಾಷ್ಟ್ರೀಯ ಸಂಘ ಹುಟ್ಟಿತು. ಅದರ ವಾರ್ಷಿಕ ಸಮ್ಮೇಳನದಲ್ಲಿ ಗೋಷ್ಠಿ ನಡೆಸಬೇಕಾದರೆ ತಿಂಗಳುಗಳ ಮೊದಲೇ ಪ್ರಸ್ತಾವ ಕಳುಹಿಸಬೇಕು.

ನನ್ನ ಪ್ರಸ್ತಾವ ಹುಟ್ಟಿದ್ದು ಒಂದು ಮಗುವಿನ ವರದಿಯಿಂದ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿ ಹೇಳುತ್ತೇನೆ. ಬೆಳವಣಿಗೆ ನಿಧಾನವಾಗಿದ್ದ ಆ ಮಗುವಿಗೆ ಮೈಕ್ರೋಅರೇ ಎಂಬ, ವರ್ಣತಂತುಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸುವ ಪರೀಕ್ಷೆ ಮಾಡಿಸಿದ್ದರು. ತಂದೆಯಿಂದ ಬಂದ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಒಂದೇ ತೆರನಾಗಿರುವ ಉದ್ದುದ್ದ ಭಾಗಗಳು ವರ್ಣತಂತುಗಳ ಮೇಲೆ ಅಲ್ಲಲ್ಲಿ ಕಂಡಿದ್ದವು. ಒಟ್ಟು ಸೇರಿಸಿದರೆ ಎಂಟರಲ್ಲಿ ಒಂದು ಪಾಲಿಗೆ ಹತ್ತಿರ, ತಂದೆತಾಯಿ ಹತ್ತಿರದ ಬಂಧುಗಳಾದಾಗ ಕಾಣುವಂಥದ್ದು. ಆದರೆ ದಾಖಲಾತಿಯ ಅರ್ಜಿಯಲ್ಲಿ "ನೀವಿಬ್ಬರೂ ರಕ್ತಸಂಬಂಧಿಗಳೇ?" ಎಂಬ ಪ್ರಶ್ನೆಯ ಮುಂದೆ ತಂದೆತಾಯಿ "ಅಲ್ಲ" ಎಂದು ಗುರುತು ಹಾಕಿದ್ದರು. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ತಂಡದಲ್ಲಿ ಹುಟ್ಟಿತು. ಸಮಾಜ ಕಾರ್ಯಕರ್ತರನ್ನು ಕರೆಸುವ ಮಾತೂ ಬಂತು. ಕನ್ನಡ ಬಲ್ಲವಳು ಎಂದು ನನ್ನನ್ನು ಕರೆದರು.

ಆ ತಾಯಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. "ಇವರು ನಮ್ಮ ಅಮ್ಮನ ತಮ್ಮ, ಮೇಡಂ. ನಮ್ಮದು ಬೇರೆ ಗೋತ್ರ, ಇವರದು ಬೇರೆ. ರಕ್ತಸಂಬಂಧ ಹೇಗಾಗುತ್ತದೆ?" ಎಂದರು.

ಅವರ ಉತ್ತರ ಅವರ ಲೆಕ್ಕದಲ್ಲಿ ನೂರಕ್ಕೆ ನೂರು ಸರಿ. ಗೋತ್ರವೆನ್ನಿ, ಬೆಡಗೆನ್ನಿ, ಅದು ತಂದೆಯ ಕಡೆಯಿಂದ ಬರುತ್ತದೆ. ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳು ಅಣ್ಣತಂಗಿಯರು, ಅಲ್ಲಿ ಮದುವೆಯ ಮಾತೇ ಇಲ್ಲ. ಸೋದರಮಾವ ಬೇರೆ ಮನೆಯವನು, ಆದ್ದರಿಂದ ಅಲ್ಲಿ ಹೆಣ್ಣು ಕೊಡಬಹುದು. ತಳಿವಿಜ್ಞಾನದ ಲೆಕ್ಕ ಹೀಗೆ ನಡೆಯುವುದಿಲ್ಲ. ಸೋದರಮಾವನೂ ಸೊಸೆಯೂ ಸರಾಸರಿ ನಾಲ್ಕನೇ ಒಂದು ಪಾಲು ಜೀನುಗಳನ್ನು ಹಂಚಿಕೊಂಡಿರುತ್ತಾರೆ. ಅವರ ಮಗುವಿನಲ್ಲಿ ಎಂಟನೇ ಒಂದು ಪಾಲು ಒಂದೇ ತೆರನಾಗಿರುವುದು ನಿರೀಕ್ಷಿತ. ವರದಿಯಲ್ಲಿದ್ದದ್ದು ಇದೇ. ನನ್ನ ಸ್ವಂತ ಅಜ್ಜಿಯೂ ಸೋದರಮಾವನನ್ನು ಮದುವೆಯಾದವರು. ಮನೆಯಲ್ಲಿ ಅದನ್ನು ಯಾರೂ ವಿಶೇಷವೆಂದು ಹೇಳಿದ್ದೇ ಇಲ್ಲ. ಆ ದಿನ ನನಗೆ ಕೋಪವೂ ಬಂತು, ದುಃಖವೂ ಆಯಿತು. ಪ್ರಶ್ನೆ ತಪ್ಪಾಗಿತ್ತು, ಅನುಮಾನ ಮಾತ್ರ ಆ ದಂಪತಿಗಳ ತಲೆಗೆ ಬಿತ್ತು.

ಅದೇ ಬಿಸಿಯಲ್ಲಿ ಎರಡು ರಾತ್ರಿ ಕುಳಿತು ಮೊದಲ ಪ್ರಸ್ತಾವ ಬರೆದೆ. ದಕ್ಷಿಣ ಏಷ್ಯಾದ ಕುಟುಂಬಗಳಿಗೆ ಅವರ ಸಂಸ್ಕೃತಿಗೆ ಹೊಂದುವ ಸಮಾಲೋಚನೆ ಎಂಬುದು ವಿಷಯ. ಅದರಲ್ಲಿ ಭಾಷೆ, ಧರ್ಮ, ಕೂಡುಕುಟುಂಬ, ಹೆಣ್ಣುಮಕ್ಕಳ ಸ್ಥಾನ, ಸಂಬಂಧದೊಳಗಿನ ಮದುವೆ ಎಲ್ಲವೂ ಇದ್ದವು. ಆಯ್ಕೆಯಾಗಲಿಲ್ಲ. ಪತ್ರ ಬಂದ ವಾರ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಟ್ಟೆ. ಅವರು ಕೇಳಿದ್ದು ಒಂದೇ: "ಇದನ್ನು ಕೇಳಿ ಹೋದವರು ಮುಂದಿನ ಕುಟುಂಬದ ಎದುರು ಕುಳಿತಾಗ, ಅವರ ಪೆನ್ನು ಕಾಗದದ ಮೇಲೆ ಬೇರೆ ಏನನ್ನು ಬರೆಯುತ್ತದೆ?" ನನ್ನಲ್ಲಿ ಉತ್ತರವಿರಲಿಲ್ಲ. ನಾನು ಬರೆದದ್ದು ಒಂದು ಅಳಲು. ಅದರಲ್ಲಿ ಸತ್ಯವಿತ್ತು, ಆದರೆ ಕಲಿತು ಒಯ್ಯುವಂಥದ್ದು ಏನೂ ಇರಲಿಲ್ಲ.

ಆ ಹುಡುಗಿಗೂ ಇದನ್ನೇ ಮೊದಲು ಹೇಳಿದೆ. ವಿಷಯ ಎಷ್ಟು ದೊಡ್ಡದು, ಎಷ್ಟು ಮುಖ್ಯ ಎಂದು ಪುಟಗಟ್ಟಲೆ ಬರೆಯಬೇಡ. ನಿನ್ನ ಕೈಯಲ್ಲಿರುವ ಒಂದು ಕೆಲಸವನ್ನು ಹುಡುಕಿಕೋ, ಇನ್ನೊಬ್ಬರು ನೋಡಿ ಕಲಿಯಬಹುದಾದ ಕೆಲಸ.

ನನ್ನ ಕೈಯಲ್ಲಿದ್ದ ಕೆಲಸ ಯಾವುದು? ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆಗೆದು ನೋಡಿದೆ. ಕನ್ನಡ, ತೆಲುಗು, ತಮಿಳು ಕುಟುಂಬಗಳು ಬಂದಾಗಲೆಲ್ಲ ನಾನು ರಕ್ತಸಂಬಂಧದ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ. ನನಗೇ ತಿಳಿಯದಂತೆ ಬೇರೊಂದು ಪ್ರಶ್ನೆ ಕೇಳುತ್ತಿದ್ದೆ: "ಮದುವೆಗೆ ಮೊದಲು ನಿಮ್ಮ ಅತ್ತೆಯನ್ನು ಏನೆಂದು ಕರೆಯುತ್ತಿದ್ದಿರಿ?" ಹೊರಗಿನ ಸಂಬಂಧವಾದರೆ "ಕರೆಯುವುದೆಲ್ಲಿಂದ ಬಂತು, ನೋಡಿಯೇ ಇರಲಿಲ್ಲ" ಎನ್ನುತ್ತಾರೆ. "ಅತ್ತೆ ಎಂದೇ ಕರೆಯುತ್ತಿದ್ದೆ" ಎಂದರೆ, ಆಕೆ ತಂದೆಯ ಅಕ್ಕನೋ ತಂಗಿಯೋ ಆಗಿರಬಹುದು, ಸೋದರಮಾವನ ಹೆಂಡತಿಯೂ ಆಗಿರಬಹುದು. ಎರಡರಲ್ಲಿ ಯಾವುದಾದರೂ ಸರಿ, ಗಂಡ ಅತ್ತೆಯ ಮಗ ಅಥವಾ ಮಾವನ ಮಗ. "ಅಜ್ಜಿ ಎನ್ನುತ್ತಿದ್ದೆ" ಎಂದು ನಕ್ಕರೆ ಗಂಡ ಸೋದರಮಾವ. ನಮ್ಮ ಭಾಷೆ ಅತ್ತೆ, ಮಾವ, ಸೊಸೆ ಎಂಬ ಪದಗಳೊಳಗೇ ಮದುವೆಯ ದಾರಿಯನ್ನು ಇಟ್ಟುಕೊಂಡಿದೆ. ಇಂಗ್ಲಿಷಿನ ಕಸಿನ್ ಎಂಬ ಪದ ಅದನ್ನೆಲ್ಲ ಅಳಿಸಿಬಿಡುತ್ತದೆ. ಊರಿನಲ್ಲಿ ಪಕ್ಕದ ಮನೆಯಾಕೆಯೂ ಅತ್ತೆಯೇ ಆದ್ದರಿಂದ ಎರಡನೆಯ ಪ್ರಶ್ನೆ ಬೇಕೇ ಬೇಕು: "ಆಕೆ ನಿಮ್ಮ ತಂದೆಯ ಒಡಹುಟ್ಟಿದವರೇ, ಇಲ್ಲವೇ ಸೋದರಮಾವನ ಹೆಂಡತಿಯೇ?"

ಇದರ ಮಗ್ಗುಲಿನಲ್ಲೇ ಇನ್ನೊಂದು ತಪ್ಪು ಸಿಕ್ಕಿತು, ಮದುವೆಗೆ ಸಂಬಂಧವಿಲ್ಲದ್ದು. ಒಬ್ಬ ಮಹಿಳೆ "ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು" ಎಂದಿದ್ದರು, ವಂಶವೃಕ್ಷದಲ್ಲಿ ಅಕ್ಕ ಎಂದೇ ಬರೆಯಲಾಗಿತ್ತು. ಕೆದಕಿ ಕೇಳಿದಾಗ ಆಕೆ ದೊಡ್ಡಪ್ಪನ ಮಗಳು. ಒಡಹುಟ್ಟಿದವರು ಅರ್ಧ ಪಾಲು ಜೀನು ಹಂಚಿಕೊಂಡರೆ, ದೊಡ್ಡಪ್ಪನ ಮಗಳದು ಎಂಟನೇ ಒಂದು ಪಾಲು. ಅಪಾಯದ ಅಂದಾಜು ಇಡೀ ತಲೆಕೆಳಗಾಗುತ್ತದೆ. ಈ ಉದಾಹರಣೆ ಸಿಕ್ಕಾಗ ನನ್ನ ಪ್ರಸ್ತಾವಕ್ಕೆ ಎರಡನೆಯ ಕಾಲು ಬಂದಂತಾಯಿತು. ಕ್ಯಾನ್ಸರ್ ವಿಭಾಗದವರೂ ಇದನ್ನು ಕೇಳಲು ಬರಬೇಕಾದ ಕಾರಣ ಹುಟ್ಟಿತು.

ಕೊರತೆ ಇದೆ ಎಂದು ನಾನು ಹೇಳಿದರೆ ಸಾಲದು, ತೋರಿಸಬೇಕು. ಒಂದು ಕಾಲ್ಪನಿಕ ಕುಟುಂಬವನ್ನು ಹತ್ತು ಸಾಲಿನಲ್ಲಿ ವಿವರಿಸಿ, ಸಹೋದ್ಯೋಗಿಗಳಿಗೆ ಕೊಟ್ಟು ವಂಶವೃಕ್ಷ ಬರೆಯಲು ಕೇಳಿದೆ. ಸಂಬಂಧದೊಳಗಿನ ಮದುವೆಯನ್ನು ಜೋಡಿಗೆರೆಯಿಂದ ತೋರಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಸೋದರಮಾವ ಮತ್ತು ಸೊಸೆಯ ಮದುವೆಯಲ್ಲಿ ಗಂಡ ಮೇಲಿನ ತಲೆಮಾರಿನ ಸಾಲಿನಲ್ಲಿ, ಹೆಂಡತಿ ಕೆಳಗಿನ ಸಾಲಿನಲ್ಲಿ ಇರುತ್ತಾರೆ. ಗೆರೆ ಓರೆಯಾಗಿ ಇಳಿಯಬೇಕು. ಒಬ್ಬರ ಚಿತ್ರ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಹೆಸರು ತೆಗೆದು ಆ ಚಿತ್ರಗಳ ಬಗ್ಗೆ ನಾಲ್ಕು ಸಾಲು ಬರೆದೆ. ಜೊತೆಗೆ, ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೆ ನಡೆಯುತ್ತದೆ ಎಂಬ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಶವನ್ನು ಸೇರಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರು ತಳಿವಿಜ್ಞಾನಿ ಅಲನ್ ಬಿಟಲ್ಸ್ ಅವರೊಂದಿಗೆ 1980ರ ದಶಕದಲ್ಲಿ ಇದೇ ವಿಷಯದ ಮೇಲೆ ಕರ್ನಾಟಕದಲ್ಲಿ ಮಾಡಿದ ಅಧ್ಯಯನಗಳನ್ನು ಓದುವಾಗ, ನಮ್ಮ ಊರಿನ ವಿಚಾರ ಇಷ್ಟು ಹಿಂದೆಯೇ ವಿಜ್ಞಾನದ ಕಣ್ಣಿಗೆ ಬಿದ್ದಿತ್ತಲ್ಲ ಎಂದು ಮನಸ್ಸು ತುಂಬಿ ಬಂತು.

ಕಲಿಕೆಯ ಉದ್ದೇಶಗಳು ಎಂಬ ಭಾಗಕ್ಕೆ ನಾನು ಅತಿ ಹೆಚ್ಚು ಸಮಯ ಕೊಟ್ಟೆ. ಇಲ್ಲಿ ಪ್ರಮಾಣಪತ್ರ ಪಡೆದ ಕೌನ್ಸೆಲರ್‌ಗಳು ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು, ಅದಕ್ಕೆ ಇಂಥ ಗೋಷ್ಠಿಗಳಲ್ಲಿ ಕಲಿತ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಕಲಿತದ್ದನ್ನು ಅಳೆಯುವಂತಿರಬೇಕು. ಮೊದಲ ಪ್ರಸ್ತಾವದಲ್ಲಿ ನಾನು ಬಳಸಿದ್ದ ಕ್ರಿಯಾಪದಗಳು ಅರಿಯುವುದು, ಗೌರವಿಸುವುದು, ಮನಗಾಣುವುದು. ಒಬ್ಬರು ಮನಗಂಡರೋ ಇಲ್ಲವೋ ಎಂದು ಯಾರು ನೋಡಬಲ್ಲರು? ಎರಡನೆಯ ಸಲ ಬರೆದದ್ದು ಹೀಗೆ: ಬಂಧುವಾಚಕ ಪದಗಳನ್ನು ಕೇಳಿ ದಂಪತಿಗಳ ಸಂಬಂಧವನ್ನು ಗುರುತಿಸುವುದು, ಎರಡು ತಲೆಮಾರುಗಳ ನಡುವಿನ ಮದುವೆಯನ್ನು ವಂಶವೃಕ್ಷದಲ್ಲಿ ಬರೆಯುವುದು, ಮೈಕ್ರೋಅರೇ ವರದಿಯ ಶೇಕಡಾವಾರು ಸಂಖ್ಯೆಯನ್ನು ಆ ವಂಶವೃಕ್ಷದೊಂದಿಗೆ ಹೋಲಿಸಿ ಹೊಂದುತ್ತದೆಯೇ ಎಂದು ಲೆಕ್ಕ ಹಾಕುವುದು. ಮೂರೇ ಸಾಕಾಯಿತು.

ಹಾಗಿದ್ದರೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಸಭಾಂಗಣದಲ್ಲಿ ಕೂರುವ ಎಷ್ಟು ಜನರಿಗೆ ಕನ್ನಡದ ಅತ್ತೆ ಬೇಕು? ಇದಕ್ಕೆ ದಾರಿ ತೋರಿಸಿದವರು ಅರಬ್ ಕುಟುಂಬಗಳೊಂದಿಗೆ ಕೆಲಸ ಮಾಡುವ ಗೆಳತಿ. ಅವರಲ್ಲಿ ತಂದೆಯ ಸಹೋದರನ ಮಗಳನ್ನು ಮದುವೆಯಾಗುವುದು ಹಳೆಯ ವಾಡಿಕೆ. ನಮ್ಮಲ್ಲಿ ಯಾರು ತಂಗಿಯೋ ಅಲ್ಲಿ ಅವಳೇ ವಧು. ನಮ್ಮಿಬ್ಬರ ವಂಶವೃಕ್ಷಗಳನ್ನು ಅಕ್ಕಪಕ್ಕ ಇಟ್ಟಾಗ ವಿಷಯ ತಾನಾಗಿಯೇ ತೆರೆದುಕೊಂಡಿತು. ಕಲಿಸಬೇಕಾದದ್ದು ಕನ್ನಡದ ಪದಗಳ ಪಟ್ಟಿಯನ್ನಲ್ಲ, ಆಯಾ ಕುಟುಂಬದ ಭಾಷೆಯಲ್ಲಿ ಬಂಧುಗಳನ್ನು ಕರೆಯುವ ಪದವನ್ನೇ ಕೇಳಿ ಅಲ್ಲಿಂದ ಮುಂದುವರಿಯುವ ಕ್ರಮವನ್ನು. ಅವಳನ್ನು ಎರಡನೆಯ ಭಾಷಣಕಾರಳನ್ನಾಗಿ ಸೇರಿಸಿಕೊಂಡೆ. ಮೂರನೆಯವರು ಪ್ರಯೋಗಾಲಯವೊಂದರ ಕೌನ್ಸೆಲರ್. ಅವರಿಗೆ ಪರೀಕ್ಷೆ ಮಾರುವ ಕಂಪನಿಯಿಂದ ಸಂಬಳ ಬರುತ್ತದೆ ಎಂಬುದನ್ನು ಪ್ರಸ್ತಾವದಲ್ಲೇ ಸ್ಪಷ್ಟವಾಗಿ ಬರೆದೆವು, ಅವರ ಸ್ಲೈಡುಗಳಲ್ಲಿ ಕಂಪನಿಯ ಗುರುತು ಎಲ್ಲಿಯೂ ಇರಲಿಲ್ಲ.

ಒಂದು ವಿಷಯದಲ್ಲಿ ನಾನು ಎಡವುವುದರಲ್ಲಿದ್ದೆ. ಆ ಮಗುವಿನ ಕುಟುಂಬದ ವಂಶವೃಕ್ಷವನ್ನೇ ಹೆಸರು ಅಳಿಸಿ ತೋರಿಸೋಣ ಎಂದುಕೊಂಡಿದ್ದೆ. ಆ ತಾಯಿ ಒಪ್ಪಿಯೂ ಇದ್ದರು. ಆದರೆ ರಾತ್ರಿ ಆ ಚಿತ್ರ ನೋಡುತ್ತಾ ಕುಳಿತಾಗ ಭಯವಾಯಿತು. ಇಲ್ಲಿನ ಕನ್ನಡಿಗರು ಯುಗಾದಿಗೆ, ರಾಜ್ಯೋತ್ಸವಕ್ಕೆ ಒಂದೆಡೆ ಸೇರುವ ಸಣ್ಣ ಸಮುದಾಯ. ಇಬ್ಬರು ಅಕ್ಕಂದಿರು, ಒಬ್ಬ ತಮ್ಮ, ಹಿರಿಯ ಅಕ್ಕನ ಮಗಳು ಅವನ ಹೆಂಡತಿ ಎಂದರೆ ಸಾಕು, ಬಲ್ಲವರು ಯಾರ ಮನೆ ಎಂದು ಹೇಳಿಬಿಡುತ್ತಾರೆ. ಹೆಸರಿಲ್ಲದ ವಂಶವೃಕ್ಷವೂ ಗುರುತಿನ ಚೀಟಿಯೇ. ಅದನ್ನು ಬಿಟ್ಟು, ಹಲವು ಕುಟುಂಬಗಳ ಗೆರೆಗಳನ್ನು ಬೆರೆಸಿ ಹೊಸದೊಂದು ಕುಟುಂಬವನ್ನು ಕಟ್ಟಿದೆ. ಒಪ್ಪಿಗೆ ಕೊಟ್ಟ ಆ ತಾಯಿಗೆ ಕಾರಣ ಹೇಳಿದಾಗ ಅವರು ಸಮಾಧಾನದ ಉಸಿರು ಬಿಟ್ಟರು. ನನ್ನ ಮೇಲಿನ ದಾಕ್ಷಿಣ್ಯಕ್ಕೆ ಹೂಂ ಎಂದಿದ್ದರು ಎಂದು ಆಗಲೇ ನನಗೆ ತಿಳಿದದ್ದು.

ಈ ವಿಷಯವನ್ನು ಹೊರಗಿನವರ ಮುಂದೆ ಇಡುವಾಗ ನಮ್ಮವರ ಬಗ್ಗೆ ಕೀಳು ಭಾವನೆ ಹುಟ್ಟಿಸಿಬಿಟ್ಟೇನೇ ಎಂಬ ಅಳುಕೂ ಇತ್ತು. ಅದಕ್ಕೆಂದೇ ಎರಡು ಸಂಗತಿಗಳನ್ನು ಮೊದಲ ಹತ್ತು ನಿಮಿಷದಲ್ಲೇ ಇಟ್ಟೆ. ಒಂದು, ಅಪಾಯದ ನಿಜವಾದ ಅಳತೆ. ಯಾವ ದಂಪತಿಗಳ ಮಗುವಿಗಾದರೂ ಹುಟ್ಟಿನಿಂದಲೇ ಗಂಭೀರ ತೊಂದರೆ ಇರುವ ಸಂಭವ ಶೇಕಡಾ 3ರಿಂದ 4. ಅತ್ತೆಯ ಅಥವಾ ಮಾವನ ಮಕ್ಕಳು ಮದುವೆಯಾದರೆ ಅದರ ಮೇಲೆ ಸೇರುವುದು ಶೇಕಡಾ 1.7ರಿಂದ 2.8 ಎಂದು ನಮ್ಮ ವೃತ್ತಿಯ 2002ರ ಮಾರ್ಗಸೂಚಿಯೇ ಹೇಳಿದೆ. ಮನೆಯಲ್ಲಿ ಈಗಾಗಲೇ ಯಾವುದೋ ಕಾಯಿಲೆ ಇದ್ದರೆ ಲೆಕ್ಕ ಬೇರೆ, ವಂಶವೃಕ್ಷ ಸರಿಯಾಗಿರಬೇಕಾದದ್ದು ಅದಕ್ಕೇ. ಇನ್ನೊಂದು, ಕಾನೂನು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸೋದರಮಾವ ಮತ್ತು ಸೊಸೆಯ ಮದುವೆಗೆ ಮಾನ್ಯತೆ ಇಲ್ಲ, ಆದ್ದರಿಂದ ಕೇಳಿದವರ ಮನಸ್ಸು ನೇರವಾಗಿ ದೌರ್ಜನ್ಯದ ಕಡೆಗೆ ಹೊರಳುತ್ತದೆ. ಭಾರತದ 1955ರ ಹಿಂದೂ ವಿವಾಹ ಕಾಯ್ದೆ ಈ ಸಂಬಂಧವನ್ನು ನಿಷಿದ್ಧ ಪಟ್ಟಿಯಲ್ಲಿಟ್ಟರೂ, ರೂಢಿ ಒಪ್ಪಿದರೆ ಮದುವೆ ಊರ್ಜಿತ ಎನ್ನುತ್ತದೆ. ಈ ಒಂದು ವಾಕ್ಯ ಎಷ್ಟು ದಂಪತಿಗಳನ್ನು ಅನುಮಾನದಿಂದ ಉಳಿಸಬಹುದು ಎಂದು ಬರೆಯುವಾಗಲೆಲ್ಲ ನೆನೆದಿದ್ದೇನೆ.

ಎರಡನೆಯ ಪ್ರಸ್ತಾವ ಒಪ್ಪಿಗೆಯಾಯಿತು. ತಯಾರಿಯ ಕಥೆ ಉದ್ದ ಮಾಡುವುದಿಲ್ಲ. ಮೂವರೂ ನಾಲ್ಕು ಸಲ ಗಡಿಯಾರ ಇಟ್ಟುಕೊಂಡು ಓದಿಕೊಂಡೆವು, ಪ್ರತಿ ಸಲವೂ ನಾನೇ ಸಮಯ ಮೀರಿದೆ. ಕೊನೆಗೆ ನನ್ನ ಎಂಟು ಸ್ಲೈಡುಗಳನ್ನು ತೆಗೆದುಹಾಕಿ, ಅಲ್ಲಿ ಉಳಿದ ಸಮಯವನ್ನು ಕೇಳುಗರಿಗೆ ಕೊಟ್ಟೆವು. ಪ್ರತಿ ಕುರ್ಚಿಯ ಮೇಲೂ ಒಂದು ಹಾಳೆ ಇಟ್ಟು, ಅದೇ ಹತ್ತು ಸಾಲಿನ ಕುಟುಂಬವನ್ನು ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಬರೆಯಿಸಿದೆವು. ಎರಡನೆಯ ಸಲ ಬರೆಯುವಾಗ ಸಭೆಯಲ್ಲಿ ಪೆನ್ನಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ನನ್ನ ಮಾತಿಗಿಂತ ಆ ಹಾಳೆಯೇ ಹೆಚ್ಚು ಕಲಿಸಿತು ಎಂಬುದು ನನ್ನ ದೃಢ ನಂಬಿಕೆ. ಮುಂದೆ ಪ್ರಸ್ತಾವ ಬರೆಯುವವರು ಕೇಳುಗರ ಕೈಗೆ ಕೆಲಸ ಕೊಡುವ ಹೊತ್ತನ್ನು ಮೊದಲು ಗುರುತಿಸಿ, ಉಳಿದ ನಿಮಿಷಗಳಲ್ಲಿ ಭಾಷಣ ತುಂಬಲಿ.

ಪ್ರಶ್ನೋತ್ತರದಲ್ಲಿ ಒಬ್ಬರು, ಫೋನಿನಲ್ಲಿ ದುಭಾಷಿಯೊಬ್ಬರು ಅತ್ತೆಯನ್ನೂ ಚಿಕ್ಕಮ್ಮನನ್ನೂ ಒಟ್ಟಿಗೆ ಆಂಟಿ ಎಂದು ಅನುವಾದಿಸಿಬಿಟ್ಟರೆ ಏನು ಮಾಡುವುದು ಎಂದು ಕೇಳಿದರು. ಅದಕ್ಕೆ ಅಂದು ನಾನು ಕೊಟ್ಟ ಉತ್ತರ ಅರೆಬರೆ. ಬಂಧುವಾಚಕ ಪದವನ್ನು ಅನುವಾದಿಸದೆ ಹಾಗೆಯೇ ಹೇಳುವಂತೆ ದುಭಾಷಿಯನ್ನು ಮೊದಲೇ ಕೋರಿಕೊಳ್ಳಿ ಎಂದಷ್ಟೇ ಹೇಳಿದೆ. ಈ ವರ್ಷದ ಪ್ರಸ್ತಾವಕ್ಕೆ ಅದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇನೆ, ದುಭಾಷಿಯೊಬ್ಬರೇ ಮುಖ್ಯ ಭಾಷಣಕಾರರು.

ಗೋಷ್ಠಿ ಮುಗಿದ ಎರಡು ವಾರಕ್ಕೆ, ಕನ್ನಡದ ಒಂದಕ್ಷರವೂ ಬಾರದ ಕೌನ್ಸೆಲರ್ ಒಬ್ಬರು ಪತ್ರ ಬರೆದರು. ಮರುದಿನ ಒಂದು ಕನ್ನಡ ಕುಟುಂಬ ತಮ್ಮಲ್ಲಿಗೆ ಬರಲಿದೆ, ಆ ಪ್ರಶ್ನೆಯನ್ನು ಅವರ ಭಾಷೆಯಲ್ಲೇ ಕೇಳಬೇಕೆಂದಿದೆ, ಹೇಗೆ ಉಚ್ಚರಿಸುವುದು ಎಂದು. ಅಡುಗೆಮನೆಯಲ್ಲಿ ನಿಂತು, ಬಿಡಿಬಿಡಿಯಾಗಿ ಮೂರು ಸಲ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಿದೆ.