ಮೇಜಿನ ಮೇಲೆ ಎರಡು ರಾಜ್ಯ, ನಡುವೆ ಒಂದು ಸೇತುವೆ

ಆಟಿಕೆ ಸೈನಿಕರನ್ನು ಕೊಂಡು ತಂದವರು ಮೊದಲು ಬಣ್ಣ ಬಳಿಯುತ್ತಾರೆ, ಆಮೇಲೆ ಎದುರುಬದುರು ನಿಲ್ಲಿಸುತ್ತಾರೆ, ಆಮೇಲೆ ಬೇಸರಪಡುತ್ತಾರೆ. ಯಾತಕ್ಕೆ ಹೊಡೆದಾಡುತ್ತಿದ್ದೇವೆ ಎಂಬುದೇ ಗೊತ್ತಿಲ್ಲದಿದ್ದರೆ ಎದುರಾಳಿಯ ಕೊನೆಯ ಗೊಂಬೆ ಉರುಳುವವರೆಗೂ ಆಟ ಎಳೆಯುತ್ತದೆ. ಮೂರನೇ ಗಂಟೆಯ ಹೊತ್ತಿಗೆ ಇಬ್ಬರಿಗೂ ಸಾಕುಸಾಕಾಗಿರುತ್ತದೆ. ಹಾಗಾಗಿ ಸೈನ್ಯ ಕಟ್ಟುವ ಮೊದಲು ಜಗಳ ಹುಟ್ಟಿಸಿಕೊಳ್ಳಿ.

ಜಗಳ ಚಿಕ್ಕದಿರಲಿ

ನಿಜವಾದ ಯುದ್ಧವೊಂದನ್ನು ಆಡಹೊರಟರೆ ಕೋಟಿನ ಗುಂಡಿಯ ಲೆಕ್ಕ ತಪ್ಪಿದೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ನೀವೇ ಹುಟ್ಟಿಸಿದ ರಾಜ್ಯದ ಸಮವಸ್ತ್ರ ತಪ್ಪು ಎನ್ನಲು ಯಾರಿಗೂ ಬಾಯಿಲ್ಲ. 1826ರಲ್ಲಿ ತಂದೆ ತಂದ ಒಂದು ಪೆಟ್ಟಿಗೆ ಮರದ ಸೈನಿಕರಿಂದ ಶುರುವಾದ ಆಟದಲ್ಲಿ ಇಂಗ್ಲೆಂಡಿನ ಬ್ರಾಂಟೆ ಮನೆಯ ನಾಲ್ವರು ಮಕ್ಕಳು (ಅವರಲ್ಲಿ ಮೂವರು ಸೋದರಿಯರು ಮುಂದೆ ಹೆಸರಾಂತ ಕಾದಂಬರಿಕಾರರಾದರು) ಗ್ಲಾಸ್ ಟೌನ್, ಆಂಗ್ರಿಯಾ, ಗೊಂಡಾಲ್ ಎಂಬ ನಾಡುಗಳನ್ನೇ ಕಟ್ಟಿ, ವರ್ಷಗಟ್ಟಲೆ ಅವುಗಳ ಚರಿತ್ರೆ ಬರೆದರು. ನಮಗೆ ಅಷ್ಟು ಬೇಡ, ಒಂದು ಗ್ರಾಫ್ ಹಾಳೆ ಸಾಕು.

ಹಾಳೆಯಲ್ಲಿ 20×15 ಚೌಕ ಗುರುತಿಸಿ, ಇದೇ ಎರಡೂ ರಾಜ್ಯಗಳ ನಕ್ಷೆ. ಒಂದು ಚೌಕವೆಂದರೆ ಕಾಲಾಳುಗಳ ಒಂದು ದಿನದ ನಡಿಗೆ. ನಡುವೆ ನದಿ ಹರಿಸಿ, ಅದನ್ನು ದಾಟಲು ಎರಡೇ ಜಾಗ ಕೊಡಿ, ಅವುಗಳಲ್ಲಿ ಒಂದು ಸೇತುವೆ. ದಾರಿ ಹೆಚ್ಚಾದಷ್ಟೂ ಸೈನ್ಯಗಳು ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತವೆ. ಎರಡು ರಾಜ್ಯಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗದಿರಲಿ, ಆಟದ ಬಿಸಿಯಲ್ಲಿ ನಾಲಿಗೆ ತಡವರಿಸುತ್ತದೆ. ನೀರ್ಗಡ ಸಂಸ್ಥಾನ, ತೂರಾಂಬ ಗಣರಾಜ್ಯ ಎಂದಿಟ್ಟುಕೊಳ್ಳೋಣ. ಸೇತುವೆಯ ಮೇಲೆ ನೀರ್ಗಡ ಸುಂಕ ವಸೂಲು ಮಾಡುತ್ತದೆ, ತೂರಾಂಬದ ವರ್ತಕರು ಕೊಡೆವು ಎನ್ನುತ್ತಾರೆ. ಇಷ್ಟೇ ಜಗಳ. ಗೆಲುವಿನ ಷರತ್ತು ಇದರೊಳಗೇ ಇದೆ: ಮೇಜಿನ ಮೇಲಿನ ಕಾಳಗದ 8ನೇ ಸುತ್ತು ಮುಗಿದಾಗ ಸೇತುವೆಯಿಂದ 6 ಇಂಚಿನೊಳಗೆ ಯಾರ ತುಕಡಿ ಮಾತ್ರ ಉಳಿದಿದೆಯೋ ಅವರು ಗೆದ್ದರು. ಇಬ್ಬರದೂ ಇದ್ದರೆ ಸುಂಕ ಅರ್ಧ. ಇದರ ಬದಲು ‘ಲೋಕವನ್ನೇ ಆಳಹೊರಟ ಚಕ್ರವರ್ತಿ’ಯನ್ನು ತಂದಿರೋ, ಆಟ ಮುಗಿಸಲು ದಾರಿಯೇ ಸಿಗುವುದಿಲ್ಲ.

ಸೈನ್ಯ

ಬಂದೂಕು, ಕುದುರೆ, ತೋಪುಗಳ 18ನೇ ಶತಮಾನದ ಮಾದರಿ ಹೊಸಬರಿಗೆ ಸುಲಭ. 1/72 ಅಳತೆಯ ಮೆದು ಪ್ಲಾಸ್ಟಿಕ್ ಸೈನಿಕರು ಸುಮಾರು 23ರಿಂದ 25 ಮಿ.ಮೀ. ಎತ್ತರವಿರುತ್ತಾರೆ, ಸಾಧಾರಣ ಮೇಜಿಗೆ ಹೇಳಿ ಮಾಡಿಸಿದ್ದು. 54 ಮಿ.ಮೀ. ಗೊಂಬೆಗಳು ಕಣ್ಣಿಗೆ ಚೆಂದ, ಆದರೆ ನೆಲವೇ ಬೇಕು. ಒಂದು ಪಕ್ಷಕ್ಕೆ ತಲಾ 12 ಜನರ ನಾಲ್ಕು ಕಾಲಾಳು ತುಕಡಿ, 6 ಸವಾರರ ಒಂದು ಕುದುರೆ ತುಕಡಿ, 4 ಜನ ಗೋಲಂದಾಜರ ಸಹಿತ ಒಂದು ತೋಪು. ಮೊದಲ ಆಟಕ್ಕೆ ಇದಕ್ಕಿಂತ ಹೆಚ್ಚು ಬೇಡವೇ ಬೇಡ.

ಬಣ್ಣ ಉದುರುವುದು ಈ ಪ್ಲಾಸ್ಟಿಕ್ಕಿನ ಹಳೇ ರೋಗ. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಹಾಕಿದ ಜಿಡ್ಡು ಗೊಂಬೆಗೆ ಅಂಟಿಕೊಂಡಿರುತ್ತದೆ. ಅದು ಸಾಲದೆಂಬಂತೆ ಬಂದೂಕಿನ ತುದಿ ಬಾಗಿದಾಗಲೆಲ್ಲ ಒಣಗಿದ ಬಣ್ಣ ಬಿರಿಯುತ್ತದೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಪೂರಾ ಒಣಗಿಸಿ. ಅನಂತರ ಬಿಳಿ ಫೆವಿಕಾಲ್‌ನಂಥ ಅಂಟಿಗೆ ಅಷ್ಟೇ ನೀರು ಬೆರೆಸಿ ಒಂದು ತೆಳು ಲೇಪ, ಅದರ ಮೇಲೆ ಅಕ್ರಿಲಿಕ್ ಬಣ್ಣ, ಕೊನೆಗೆ ವಾರ್ನಿಷ್. ಕಣ್ಣು, ಮೀಸೆ ಬಿಡಿಸುತ್ತ ಕೂರಬೇಡಿ. ಮೂರು ಅಡಿ ದೂರದಿಂದ ಕಾಣುವುದು ಕೋಟು, ಎದೆಯ ಮೇಲಿನ ಅಡ್ಡಪಟ್ಟಿ, ಬಾವುಟ ಅಷ್ಟೇ. ಹಸಿರು ಬಟ್ಟೆ ಹಾಸಿದ ಮೇಜಿನಲ್ಲಿ ಕಡುಹಸಿರು ಕೋಟಿನ ಸೈನ್ಯ ಮಾಯವಾಗುತ್ತದೆ. ನೀರ್ಗಡಕ್ಕೆ ತಿಳಿ ಬೂದು, ತೂರಾಂಬಕ್ಕೆ ಕೆಂಪು ಕೊಡಿ.

40 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ರಟ್ಟಿನ ಮೇಲೆ ನಾಲ್ಕು ನಾಲ್ಕು ಜನರನ್ನು ಅಂಟಿಸಿ. ಮೂರು ರಟ್ಟು ಸೇರಿದರೆ ಒಂದು ತುಕಡಿ. ಹನ್ನೆರಡು ಬಿಡಿ ಗೊಂಬೆಗಳನ್ನು ಸರಿಸುವುದಕ್ಕೂ ಮೂರು ರಟ್ಟು ಸರಿಸುವುದಕ್ಕೂ ಇಡೀ ಆಟದಲ್ಲಿ ಒಂದು ಗಂಟೆಯ ವ್ಯತ್ಯಾಸ ಬಿದ್ದರೂ ಆಶ್ಚರ್ಯವಿಲ್ಲ. ಸತ್ತವರ ಲೆಕ್ಕಕ್ಕೆ ತುಕಡಿಯ ಬೆನ್ನಿಗೆ ಒಂದು ಪುಟ್ಟ ದಾಳವಿಡಿ, ಅದು 4 ತಲುಪಿದಾಗ ಒಂದು ರಟ್ಟು ಎತ್ತಿ. ತೋಪಿನವರು, ಸವಾರರು ಮಾತ್ರ ಬಿಡಿಬಿಡಿಯಾಗಿರಲಿ.

ರಣರಂಗ

ಮೇಜು 6 ಅಡಿ ಉದ್ದ, 4 ಅಡಿ ಅಗಲ. ಅಗಲ ಅದಕ್ಕಿಂತ ಹೆಚ್ಚಾದರೆ ನಡುವಿನ ತುಕಡಿಗೆ ಕೈ ಎಟುಕದೆ, ಅಂಗಿಯ ತೋಳಿಗೆ ಸಿಕ್ಕಿ ಕಾಡೇ ಉರುಳುತ್ತದೆ. ಬಟ್ಟೆಯಡಿ ಪುಸ್ತಕವಿಟ್ಟು ಗುಡ್ಡ ಮಾಡುವುದು ಸುಲಭವೇನೋ ಹೌದು, ಆದರೆ ಇಳಿಜಾರಿನಲ್ಲಿ ರಟ್ಟು ನಿಲ್ಲುವುದಿಲ್ಲ. ಅರ್ಧ ಇಂಚಿನ ಥರ್ಮೊಕೋಲ್ ಹಲಗೆಗಳನ್ನು ಮೆಟ್ಟಿಲಿನಂತೆ ಒಂದರ ಮೇಲೊಂದು ಅಂಟಿಸಿ. ಅದಕ್ಕೆ ಸ್ಪ್ರೇ ಬಣ್ಣ ಹೊಡೆದರೆ ಅದರೊಳಗಿನ ದ್ರಾವಕಕ್ಕೆ ಥರ್ಮೊಕೋಲ್ ಕರಗಿ ಹೋಗುತ್ತದೆ. ನೀರಿನ ಬಣ್ಣವನ್ನೇ ಬ್ರಷ್‌ನಲ್ಲಿ ಹಚ್ಚಿ.

ಒಂದು ಸುತ್ತು ಹೇಗೆ ನಡೆಯುತ್ತದೆ

ಇಬ್ಬರೂ ದಾಳ ಎಸೆಯಿರಿ, ಹೆಚ್ಚು ಬಿದ್ದವರು ಮೊದಲು ನಡೆಸುತ್ತಾರೆ. ಕಾಲಾಳು 6 ಇಂಚು, ಕುದುರೆ 12, ತೋಪು 4. ಕಾಡಿನಲ್ಲಿ ಎಲ್ಲರಿಗೂ ಅರ್ಧ. ತೋಪು ಸರಿದ ಸುತ್ತಿನಲ್ಲಿ ಹಾರಿಸುವಂತಿಲ್ಲ.

ಆಮೇಲೆ ಗುಂಡು, ಎರಡೂ ಕಡೆಯಿಂದ ಏಕಕಾಲಕ್ಕೆ. ಕಾಲಾಳುಗಳ ಬಂದೂಕು 10 ಇಂಚು ಮುಟ್ಟುತ್ತದೆ. ಇಬ್ಬರು ಸೈನಿಕರಿಗೆ ಒಂದು ದಾಳ. 5 ಇಂಚಿನೊಳಗೆ 5 ಅಥವಾ 6 ಬಿದ್ದರೆ ಪೆಟ್ಟು, ಅದರಾಚೆ 6ಕ್ಕೆ ಮಾತ್ರ. ತೋಪು 30 ಇಂಚಿನವರೆಗೆ, ಮೂರು ದಾಳ, 5 ಅಥವಾ 6ಕ್ಕೆ ಪೆಟ್ಟು. ಗೋಡೆ ಅಥವಾ ಮನೆಯ ಮರೆಯಲ್ಲಿದ್ದವರು ಬಿದ್ದ ಪ್ರತಿ ಪೆಟ್ಟಿಗೂ ಒಂದು ದಾಳ ಎಸೆದು, 4 ಅಥವಾ ಹೆಚ್ಚು ಬಂದರೆ ಪಾರಾಗುತ್ತಾರೆ.

ಸೇತುವೆಯ ಪಕ್ಕದ ಕಲ್ಲುಗೋಡೆಯ ಹಿಂದೆ ನೀರ್ಗಡದ ತುಕಡಿ ಇದೆ ಎನ್ನಿ. ತೂರಾಂಬದ 12 ಜನ 4 ಇಂಚು ದೂರಕ್ಕೆ ಬಂದು ನಿಂತಿದ್ದಾರೆ. ಆರು ದಾಳ: 2, 6, 3, 5, 5, 1. ಮೂರು ಪೆಟ್ಟು. ನೀರ್ಗಡ ಮೂರು ದಾಳ ಎಸೆಯುತ್ತದೆ: 4, 2, 6. ಇಬ್ಬರು ಬದುಕಿದರು, ಸತ್ತವನು ಒಬ್ಬ. ಗೋಡೆಯ ಹಿಂದಿನವರನ್ನು ಬರೀ ಗುಂಡಿನಿಂದ ಎಬ್ಬಿಸಲಾಗದು ಎಂದು ಈಗ ಹೊಳೆಯುತ್ತದೆ, ಮೈಮೇಲೆ ಬೀಳಬೇಕು.

ಕೈ ಕೈ ಮಿಲಾಯಿಸಿದಾಗಲೂ ಇಬ್ಬರಿಗೆ ಒಂದು ದಾಳ, 5 ಅಥವಾ 6ಕ್ಕೆ ಪೆಟ್ಟು, ಗೋಡೆ ನೆರವಿಗೆ ಬರುವುದಿಲ್ಲ. ಕುದುರೆಗೆ ಮಾತ್ರ ಸವಾರನಿಗೊಂದು ದಾಳ; ನುಗ್ಗಿದ ಮೊದಲ ಸುತ್ತಿನಲ್ಲಿ 4ಕ್ಕೂ ಪೆಟ್ಟು. ಹೆಚ್ಚು ಜನರನ್ನು ಕಳೆದುಕೊಂಡವರು 6 ಇಂಚು ಹಿಂದೆ ಸರಿಯುತ್ತಾರೆ. ಕಾಲಾಳು ತುಕಡಿ ಮೊದಲ ರಟ್ಟು ಕಳೆದುಕೊಂಡಾಗ ಧೈರ್ಯದ ದಾಳ: 1 ಅಥವಾ 2 ಬಿದ್ದರೆ ಪೂರ್ತಿ ಒಂದು ನಡೆ ಹಿಂದಕ್ಕೆ. ಎರಡನೇ ರಟ್ಟೂ ಹೋದರೆ ತುಕಡಿ ಮೈದಾನ ಬಿಡುತ್ತದೆ.

ಹೊಸಬರು ಮೊದಲು ಕೈಹಾಕುವುದು ಬಂದೂಕಿನ ದೂರಕ್ಕೆ. ಅದನ್ನು 24 ಇಂಚಿಗೆ ಏರಿಸಿ ನೋಡಿ: ಬಯಲಿನಲ್ಲಿ 6 ಇಂಚಿನಂತೆ ನಡೆದು ಬರುವವರು ನಾಲ್ಕು ಸುತ್ತು ಗುಂಡು ತಿನ್ನಬೇಕು. ಯಾರೂ ಕದಲುವುದಿಲ್ಲ, ಇಬ್ಬರೂ ತಮ್ಮ ಅಂಚಿನಲ್ಲೇ ಕೂತು ದಾಳ ಕುಟ್ಟುತ್ತಾರೆ. ಗುಂಡಿನ ದೂರ ಕಾಲಾಳಿನ ನಡೆಯ ಎರಡರಷ್ಟನ್ನು ಮೀರದಿರಲಿ. ಇನ್ನೊಂದು ತಕರಾರು ಅಳತೆಯದು. ಮೊದಲೇ ಟೇಪು ಹಿಡಿದು ನೋಡಬಹುದೋ ಇಲ್ಲವೋ ಎಂದು ಆಟಕ್ಕೆ ಮುಂಚೆ ತೀರ್ಮಾನಿಸಿ. ನಡುವೆ ಎದ್ದ ವಿವಾದಕ್ಕೆ ದಾಳವೇ ನ್ಯಾಯಾಧೀಶ. ಮೂರನೆಯವರೊಬ್ಬರು ಸಿಕ್ಕರೆ ಬಿಡಬೇಡಿ, ತೀರ್ಪುಗಾರರನ್ನಾಗಿ ಕೂರಿಸಿ. 1824ರಲ್ಲಿ ಅಂದಿನ ಜರ್ಮನ್ ರಾಜ್ಯ ಪ್ರಷ್ಯದ ಸೇನೆಗೆಂದು ರೈಸ್ವಿಟ್ಸ್ ಎಂಬ ಸೇನಾಧಿಕಾರಿ ರೂಪಿಸಿದ ಯುದ್ಧದಾಟದಲ್ಲೂ ದಾಳ ಮತ್ತು ತೀರ್ಪುಗಾರ ಇಬ್ಬರೂ ಇದ್ದರು. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಆಟಕ್ಕೆಂದು 1913ರಲ್ಲಿ ಪ್ರಕಟಿಸಿದ ನಿಯಮಗಳಿಂದ ಒಂದು ಉಪಾಯ ಕದಿಯಬಹುದು: ಸೈನ್ಯ ಜೋಡಿಸುವಾಗ ನಡುವೆ ಪರದೆ ಕಟ್ಟಿ, ಇಬ್ಬರೂ ಸಿದ್ಧ ಎಂದ ಮೇಲೆ ಸರಿಸುವುದು.

ಲೆಕ್ಕದ ಪುಸ್ತಕ

ಯುದ್ಧ ಮುಗಿದ ಕೂಡಲೇ, ಗೊಂಬೆಗಳನ್ನು ಪೆಟ್ಟಿಗೆಗೆ ಹಾಕುವ ಮೊದಲೇ, ಸತ್ತವರ ಎಣಿಕೆ ಬರೆದಿಡಿ. ಮೈದಾನ ಉಳಿಸಿಕೊಂಡವರಿಗೆ ಬಿದ್ದವರಲ್ಲಿ ಅರ್ಧ ಜನ ಗಾಯ ಮಾಗಿ ಮರಳುತ್ತಾರೆ, ಸೋತವರಿಗೆ ಮೂರರಲ್ಲಿ ಒಂದು ಪಾಲು. ಈ ಒಂದು ನಿಯಮದಿಂದಾಗಿ ಆಟಗಾರರು ಕೊನೆಯವರೆಗೆ ಕಾದಾಡುವ ಬದಲು ಹೊತ್ತಿಗೆ ಸರಿಯಾಗಿ ಹಿಂದೆಗೆಯುವುದನ್ನು ಕಲಿಯುತ್ತಾರೆ. ಆಮೇಲೆ ಮತ್ತೆ ಗ್ರಾಫ್ ಹಾಳೆ. ಮುಂದಿನ ದಿನದ ನಡಿಗೆಯನ್ನು ಇಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಬರೆದು ಒಟ್ಟಿಗೆ ಬಿಚ್ಚಬೇಕು: ಕಾಲಾಳಿಗೆ ಒಂದು ಚೌಕ, ಕುದುರೆಗೆ ಎರಡು. ಎರಡು ಸೈನ್ಯ ಒಂದೇ ಚೌಕಕ್ಕೆ ಬಂದ ದಿನ ಮೇಜಿಗೆ ಬಟ್ಟೆ ಹಾಸಿ.