ಸಣ್ಣ ಟ್ರ್ಯಾಕ್ಟರಿನ ಲೋಡರಿಗೆ ಗ್ರ್ಯಾಪಲ್ ಆರಿಸುವುದು ಹೇಗೆ

ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿರುವ ನಮ್ಮ ಹನ್ನೊಂದು ಎಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಓಕ್ ಮತ್ತು ಪೈನ್ ಮರಗಳ ಕಾಡು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಈ ರಾಜ್ಯದ ಪಶ್ಚಿಮ ಭಾಗದಲ್ಲಿ ಮರಗಳನ್ನು ಉರುಳಿಸಿ ಹೋದ ಮೇಲೆ, 25 ಕುದುರೆಶಕ್ತಿಯ ಟ್ರ್ಯಾಕ್ಟರಿನ ಬಕೆಟ್ಟಿನಲ್ಲಿ ಕೊಂಬೆ, ಬೊಡ್ಡೆಗಳನ್ನು ಸಾಗಿಸಲು ಹೊರಟಾಗ ಒಂದು ವಿಷಯ ಸ್ಪಷ್ಟವಾಯಿತು: ಬಕೆಟ್ಟು ಮಣ್ಣು, ಜಲ್ಲಿಗೆಂದು ಮಾಡಿದ್ದು, ಕೊಂಬೆ ಅದರಲ್ಲಿ ನಿಲ್ಲುವುದಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಜಾರಿ ಬೀಳುತ್ತದೆ, ಇಳಿದು ಎತ್ತಿ ಹಾಕಬೇಕು. ಕೆಳಗೆ ಬಾಗಿದ ಹಲ್ಲುಗಳು, ಮೇಲೆ ಹೈಡ್ರಾಲಿಕ್ ಬಲದಿಂದ, ಅಂದರೆ ಎಣ್ಣೆಯ ಒತ್ತಡದಿಂದ, ಮುಚ್ಚಿಕೊಳ್ಳುವ ದವಡೆ ಇರುವ ಗ್ರ್ಯಾಪಲ್ ಇಂಥ ಹೊರೆಯನ್ನು ಅದುಮಿ ಹಿಡಿದು ಒಯ್ಯುತ್ತದೆ. ಆದರೆ ಅಂಗಡಿಯ ಅಂಗಳದಲ್ಲಿ ಸಾಲಾಗಿ ನಿಂತ ಗ್ರ್ಯಾಪಲ್‌ಗಳಲ್ಲಿ ಹೆಚ್ಚಿನವು ನಮ್ಮಂಥ ಸಣ್ಣ ಟ್ರ್ಯಾಕ್ಟರಿಗೆ ಹೊಂದುವಂಥವಲ್ಲ. ಆದ್ದರಿಂದ ಆಯ್ಕೆ ಅಂಗಡಿಯಿಂದಲ್ಲ, ನಿಮ್ಮ ಲೋಡರಿನ, ಅಂದರೆ ಟ್ರ್ಯಾಕ್ಟರಿನ ಮುಂದೆ ಬಕೆಟ್ ಎತ್ತುವ ತೋಳುಗಳ, ಕೈಪಿಡಿಯಿಂದ ಶುರುವಾಗಬೇಕು.

ಕೈಪಿಡಿಯಲ್ಲಿ ಎತ್ತುವ ಸಾಮರ್ಥ್ಯಕ್ಕೆ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಬಕೆಟ್ ತಿರುಗುವ ಪಿನ್ನಿನ ಜಾಗದಲ್ಲೇ ಅಳೆದದ್ದು. ಇನ್ನೊಂದು, ಆ ಪಿನ್ನಿನಿಂದ 500 ಮಿಲಿಮೀಟರ್ ಮುಂದೆ ಅಳೆದದ್ದು, ಅದು ಯಾವಾಗಲೂ ಕಡಿಮೆ ಇರುತ್ತದೆ. ಗ್ರ್ಯಾಪಲ್ ಹಿಡಿದ ದಿಮ್ಮಿ ಪಿನ್ನಿನ ಮೇಲೆ ಕೂರುವುದಿಲ್ಲ, ಅದರ ಮುಂದೆ ಚಾಚಿಕೊಂಡಿರುತ್ತದೆ, ಹಾಗಾಗಿ ನಮಗೆ ಲೆಕ್ಕಕ್ಕೆ ಬೇಕಾದದ್ದು ಎರಡನೆಯ ಅಂಕಿ. ಉದಾಹರಣೆಗೆ ಪಿನ್ನಿನಲ್ಲಿ 500 ಕೆಜಿ, 500 ಮಿಲಿಮೀಟರ್ ಮುಂದೆ 370 ಕೆಜಿ ಎತ್ತುವ ಲೋಡರ್ ಇದೆಯೆಂದುಕೊಳ್ಳೋಣ. ಗ್ರ್ಯಾಪಲ್ಲಿನ ತೂಕ 160 ಕೆಜಿ, ಅದನ್ನು ಸಿಕ್ಕಿಸುವ ಕ್ವಿಕ್ ಅಟ್ಯಾಚ್ ಪ್ಲೇಟು ಬೇರೆಯಾಗಿ ಹಾಕಿಸಿದ್ದರೆ ಅದರದ್ದು 40 ಕೆಜಿ. ಉಳಿದದ್ದು 170 ಕೆಜಿ. ಆಗಷ್ಟೇ ಕಡಿದ ಹಸಿ ಓಕ್ ಹೆಚ್ಚುಕಡಿಮೆ ನೀರಿನಷ್ಟೇ ಭಾರ, ಅಂದರೆ ಒಂದು ಘನ ಮೀಟರಿಗೆ ಸುಮಾರು ಒಂದು ಟನ್. 30 ಸೆಂಟಿಮೀಟರ್ ಅಡ್ಡಳತೆಯ, 2.4 ಮೀಟರ್ ಉದ್ದದ ದಿಮ್ಮಿಯೊಂದರ ತೂಕವೇ 170 ಕೆಜಿ ಆಗುತ್ತದೆ. ಅದೇ ಉದ್ದಕ್ಕೆ ಅಡ್ಡಳತೆ 45 ಸೆಂಟಿಮೀಟರ್ ಆದರೆ 380 ಕೆಜಿ: ದಪ್ಪ ಒಂದೂವರೆ ಪಟ್ಟಾದಾಗ ಭಾರ ಎರಡೂಕಾಲು ಪಟ್ಟಾಗುತ್ತದೆ. ಈಗ 160 ಕೆಜಿಯ ಬದಲು 110 ಕೆಜಿಯ ಗ್ರ್ಯಾಪಲ್ ಹಾಕಿ ನೋಡಿ. ಉಳಿದ ಆ 50 ಕೆಜಿ ಪ್ರತಿ ಸಲದ ಹೊರೆಯಲ್ಲಿ ನಿಮಗೆ ದಕ್ಕುತ್ತದೆ. ಇದು ಒರಟು ಲೆಕ್ಕವೇ ಸರಿ, ತೋಳು ನೆಲದ ಹತ್ತಿರ ಇರುವಾಗ ಲೋಡರ್ ಪೂರ್ತಿ ಎತ್ತರದಲ್ಲಿ ಎತ್ತುವುದಕ್ಕಿಂತ ಹೆಚ್ಚನ್ನು ಎತ್ತುತ್ತದೆ. ಆದರೂ ಕೊಳ್ಳುವ ಮುಂಚೆ ಈ ಲೆಕ್ಕವನ್ನು ಕಾಗದದ ಮೇಲೆ ಹಾಕದೆ ಹಣ ಕೊಡಬೇಡಿ.

ನಾನು ಹಾಕಿರಲಿಲ್ಲ. ಮೊದಲು ತಂದದ್ದು ಸ್ಕಿಡ್ ಸ್ಟಿಯರ್ ಎಂಬ ಗಿಡ್ಡನೆಯ ಭಾರಿ ಲೋಡರ್ ಯಂತ್ರಕ್ಕೆಂದು ಮಾಡಿದ 72 ಇಂಚು ಅಗಲದ, ದಪ್ಪ ಉಕ್ಕಿನ ಗ್ರ್ಯಾಪಲ್. ಮಾರಿದವರು ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂದಿದ್ದರು. ಬಾಳಿಕೆಯ ಮಾತು ನಿಜವಿದ್ದಿರಬಹುದು, ಆದರೆ ಅದನ್ನು ಬರಿದಾಗಿ ಎತ್ತುವಾಗಲೇ ಹಿಂದಿನ ಚಕ್ರಗಳು ಹಗುರಾಗಿ ಒದ್ದೆ ಕೆಂಪು ಮಣ್ಣಿನಲ್ಲಿ ಸುಮ್ಮನೆ ತಿರುಗತೊಡಗಿದವು. ನಷ್ಟಕ್ಕೆ ಮಾರಿ 55 ಇಂಚಿನದನ್ನು ತಂದೆ.

ಅಗಲದ ಬಗ್ಗೆ ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮಣ್ಣು ಗೋರುವ ಬಕೆಟ್ಟು ಚಕ್ರಗಳಷ್ಟು ಅಗಲವಿರಬೇಕು, ಗ್ರ್ಯಾಪಲ್ ಹಾಗಿರಬೇಕಾಗಿಲ್ಲ. ಈ ಗಾತ್ರದ ಟ್ರ್ಯಾಕ್ಟರಿಗೆ 48ರಿಂದ 60 ಇಂಚು ಸಾಕು, ಏಕೆಂದರೆ ಹೊರೆ ಎಷ್ಟೇ ಉದ್ದವಿದ್ದರೂ ಹಿಡಿತ ಬೇಕಾದದ್ದು ನಡುವಿನಲ್ಲಿ. ಅಗಲ ಹೆಚ್ಚಿದಷ್ಟೂ ತುದಿಯ ಒಂದೇ ಹಲ್ಲು ಬೇರಿಗೆ ಸಿಕ್ಕಿಕೊಂಡಾಗ ಲೋಡರಿನ ತೋಳುಗಳ ಮೇಲೆ ಬೀಳುವ ತಿರುಚುವ ಬಲವೂ ಹೆಚ್ಚು, ಸಣ್ಣ ಲೋಡರಿನ ತೋಳುಗಳು ಆ ಬಲಕ್ಕೆ ಸೊಟ್ಟಗಾಗುತ್ತವೆ. ಮೇಲ್ದವಡೆ ಒಂದೇ ಇರಬೇಕೋ ಎರಡೋ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಎರಡು ದವಡೆಗಳಿದ್ದರೆ ಒಂದು ಕಡೆ ದಪ್ಪ ಬೊಡ್ಡೆ, ಇನ್ನೊಂದು ಕಡೆ ತೆಳು ಕೊಂಬೆ ಇದ್ದಾಗಲೂ ಪ್ರತಿಯೊಂದೂ ತನ್ನ ಪಾಲಿನದನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಸಿಲಿಂಡರ್, ಹೋಸು, ಪಿನ್ನುಗಳೆಲ್ಲ ಇಮ್ಮಡಿಯಾಗಿ ತೂಕ ಏರುತ್ತದೆ. 60 ಇಂಚಿನೊಳಗೆ ನಡುವಿನ ಒಂದು ದವಡೆಯೇ ನನ್ನ ಆಯ್ಕೆ.

ಕೆಳಭಾಗದ ಆಕಾರವನ್ನು ನಿಮ್ಮ ಕೆಲಸ ತೀರ್ಮಾನಿಸುತ್ತದೆ. ಚಪ್ಪಟೆ ತಳದ, ಉದ್ದ ಹಲ್ಲಿನ ರೂಟ್ ಗ್ರ್ಯಾಪಲ್ ನೆಲದ ಮೇಲೆ ಜಾರುತ್ತ ಪೊದೆಯ ಅಡಿಗೆ ನುಗ್ಗಿ ಬೇರನ್ನು ಮೀಟುತ್ತದೆ, ಹಲ್ಲುಗಳ ನಡುವಿಂದ ಮಣ್ಣು ಉದುರಿಹೋಗುತ್ತದೆ. ಕಲ್ಲು ಆರಿಸುವುದೇ ಮುಖ್ಯವಾಗಿದ್ದರೆ ಹಲ್ಲುಗಳು ಒತ್ತಾಗಿರಬೇಕು, ಕೊಂಬೆ ರಾಶಿಗೆ ಎಂಟು ಹತ್ತು ಇಂಚಿನ ಸಂದು ನಡೆಯುತ್ತದೆ. ಬಕೆಟ್ಟಿಗೇ ದವಡೆ ಜೋಡಿಸಿದ ಮಾದರಿ ಗೊಬ್ಬರದಂಥ ಹೊರೆಗೆ ಚೆನ್ನ, ಪೊದೆಗೆ ಅಲ್ಲ.

ಹೈಡ್ರಾಲಿಕ್ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು. ಲೋಡರಿನ ಜಾಯ್‌ಸ್ಟಿಕ್ ಬಲ್ಲದ್ದು ಎರಡೇ ಕೆಲಸ, ತೋಳು ಎತ್ತಿಳಿಸುವುದು ಮತ್ತು ಬಕೆಟ್ ಮಡಚಿ ಬಿಚ್ಚುವುದು. ದವಡೆಗೆ ಎಣ್ಣೆ ಹೋಗಲು ಮೂರನೆಯ ದಾರಿ ಬೇಕು, ಅದರ ಖರ್ಚು ಗ್ರ್ಯಾಪಲ್ಲಿನ ಬೆಲೆಯಲ್ಲಿ ಸೇರಿರುವುದಿಲ್ಲ. ಟ್ರ್ಯಾಕ್ಟರಿನ ಹಿಂದಿನ ಹೈಡ್ರಾಲಿಕ್ ಕೂಡುಗಳಿಂದ ಮುಂದಕ್ಕೆ ಹೋಸು ಎಳೆದರೆ ಅಗ್ಗ, ಆದರೆ ಪ್ರತಿ ಸಲ ಕೈ ಬೇರೆ ಲಿವರಿಗೆ ಹೋಗಬೇಕು. ಬಕೆಟ್ ಮಡಚುವ ಎಣ್ಣೆಯನ್ನೇ ಗುಂಡಿ ಒತ್ತಿ ದವಡೆಗೆ ತಿರುಗಿಸುವ ಡೈವರ್ಟರ್ ವಾಲ್ವಿನಲ್ಲಿ ಮಡಚುವುದು, ಹಿಡಿಯುವುದು ಏಕಕಾಲಕ್ಕೆ ಆಗದು. ಪ್ರತ್ಯೇಕ ವಾಲ್ವಿರುವ ಥರ್ಡ್ ಫಂಕ್ಷನ್ ಕಿಟ್ಟಿಗೆ ಬೆಲೆ ಹೆಚ್ಚಾದರೂ ಜಾಯ್‌ಸ್ಟಿಕ್ಕಿನಿಂದ ಕೈ ತೆಗೆಯದೆ ಹೆಬ್ಬೆರಳಿನಲ್ಲೇ ದವಡೆ ಆಡಿಸಬಹುದು. ವರ್ಷದಲ್ಲಿ ಹಲವು ದಿನ ಕೆಲಸವಿದ್ದವರು ಇದಕ್ಕೇ ಹಣ ಹಾಕುವುದು ಒಳ್ಳೆಯದು. ಸಿಲಿಂಡರ್ ದೊಡ್ಡದಿದ್ದರೆ ಮೇಲು ಎಂದು ತಿಳಿಯಬೇಡಿ. ಎರಡು ಇಂಚು ಒಳವ್ಯಾಸದ ಸಿಲಿಂಡರ್ 2,500 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಸುಮಾರು 7,850 ಪೌಂಡ್ ಬಲದಿಂದ ತಳ್ಳುತ್ತದೆ, ಹಲ್ಲಿನ ತುದಿ ತಲುಪುವಾಗ ಅದು ಕಡಿಮೆಯಾದರೂ ಕೊಂಬೆ ಜಜ್ಜಲು ಬೇಕಾದಷ್ಟು ಉಳಿದಿರುತ್ತದೆ. ಇನ್ನೂ ದಪ್ಪ ಸಿಲಿಂಡರ್ ತುಂಬಲು ಸಣ್ಣ ಪಂಪಿಗೆ ಹೆಚ್ಚು ಹೊತ್ತು ಬೇಕು, ದವಡೆ ನಿಧಾನವಾಗುತ್ತದೆ.

ಸಿಕ್ಕಿಸುವ ಪ್ಲೇಟು ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಿ. ಸ್ಕಿಡ್ ಸ್ಟಿಯರ್ ಮಾದರಿಯದು ಎಲ್ಲೆಡೆ ಸಿಗುತ್ತದೆ, ಜಾನ್ ಡಿಯರ್‌ನ ಸಣ್ಣ ಟ್ರ್ಯಾಕ್ಟರುಗಳ ಕೊಕ್ಕೆಯ ಮಾದರಿ ಬೇರೆ, ಒಂದಕ್ಕೊಂದು ಕೂಡುವುದಿಲ್ಲ.

ಗ್ರ್ಯಾಪಲ್ಲಿಗೆ ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಟ್ರ್ಯಾಕ್ಟರಿನ ಹಿಂದಿನ ತೂಕಕ್ಕೆ ಮೀಸಲಿಡಿ. ಹಿಂದಿನ ಟೈರುಗಳಲ್ಲಿ ದ್ರವ ತುಂಬಿಸಿದರೆ ಹಿಡಿತ ಬರುತ್ತದೆ, ಆದರೆ ಆ ಭಾರ ಹಿಂದಿನ ಅಚ್ಚಿನ ಮೇಲೇ ನಿಲ್ಲುವುದರಿಂದ ಮುಂದಿನ ಅಚ್ಚಿನ ಹೊರೆ ಇಳಿಯುವುದಿಲ್ಲ. ಟ್ರ್ಯಾಕ್ಟರಿನ ಹಿಂದೆ ಉಪಕರಣ ಜೋಡಿಸುವ ಥ್ರೀ ಪಾಯಿಂಟ್ ಲಿಂಕೇಜಿಗೆ ತೂಗುಹಾಕಿದ ಕಾಂಕ್ರೀಟ್ ಪೆಟ್ಟಿಗೆ ಹಿಂದಿನ ಅಚ್ಚಿನ ಆಚೆ ಇರುವುದರಿಂದ ತಕ್ಕಡಿಯಂತೆ ಮುಂಭಾಗವನ್ನು ಹಗುರಗೊಳಿಸುತ್ತದೆ. ಹೊರೆ ಹೊತ್ತು ಸಾಗುವಾಗ ಗ್ರ್ಯಾಪಲ್ ಮೊಣಕಾಲಿಗಿಂತ ಮೇಲಿರಬಾರದು, ಇಳಿಜಾರಿಗೆ ಅಡ್ಡಲಾಗಿ ಹೋಗಬಾರದು, ಉರುಳು ರಕ್ಷಣೆಯ ಕಂಬಿ ನಿಲ್ಲಿಸಿ ಸೀಟ್ ಬೆಲ್ಟ್ ಹಾಕಿರಲೇಬೇಕು. ಆ ಕಂಬಿ ಟ್ರ್ಯಾಕ್ಟರ್ ಮಗುಚಿದಾಗ ಕಾಯುತ್ತದೆಯೇ ಹೊರತು ಎತ್ತರಕ್ಕೆ ಎತ್ತಿದ ದಿಮ್ಮಿ ತೋಳಿನ ಮೇಲಿಂದ ಹಿಂದಕ್ಕೆ ಉರುಳಿ ಬಂದರೆ ಕಾಯುವುದಿಲ್ಲ. ಹೋಸಿನಲ್ಲಿ ಎಣ್ಣೆ ಜಿನುಗಿದರೆ ಬರಿಗೈಯಲ್ಲಿ ತಡವಿ ನೋಡಬೇಡಿ, ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ಹುಡುಕಿ.

ಕೊಳ್ಳಲು ಹೋಗುವಾಗ ಮಣಿಕಟ್ಟಿನಷ್ಟು ದಪ್ಪದ ಒಂದು ಕೋಲನ್ನು ಜೊತೆಗೆ ಒಯ್ಯಿರಿ. ಅಂಗಡಿಯವರು ಗ್ರ್ಯಾಪಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ ದವಡೆಯನ್ನು ಪೂರ್ತಿ ಮುಚ್ಚಿದಾಗ ಆ ಒಂದೇ ಕೋಲು ಅಲುಗದೆ ನಿಲ್ಲಬೇಕು. ಮೇಲಿನ ಹಲ್ಲು ಕೆಳಗಿನದನ್ನು ಮುಟ್ಟದೆ ಅಂಗೈಯಗಲ ಸಂದು ಉಳಿಸುವ ಗ್ರ್ಯಾಪಲ್‌ಗಳು ಇವೆ, ಅವು ಕೊನೆಯ ಕೊಂಬೆಗಳನ್ನು ಎಂದೂ ಹಿಡಿಯುವುದಿಲ್ಲ. ದವಡೆ ತೆರೆದು ಯಂತ್ರ ನಿಲ್ಲಿಸಿದ ಮೇಲೆ ಅದರ ತುದಿಯನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ, ಹೊಸ ಪಿನ್ನೇ ತನ್ನನ್ನು ಸುತ್ತುವ ಲೋಹದ ಬಳೆಯಾದ ಬುಷ್‌ನಲ್ಲಿ ಆಡುತ್ತಿದ್ದರೆ ಬೇಡ. ಪ್ರತಿ ಪಿನ್ನಿಗೂ ಗ್ರೀಸ್ ನಿಪ್ಪಲ್ ಇದೆಯೇ, ಅದಕ್ಕೆ ಗ್ರೀಸ್ ಗನ್ನಿನ ಮೂತಿ ತಲುಪುತ್ತದೆಯೇ, ಸಿಲಿಂಡರಿನ ಹೊಳೆಯುವ ದಂಡ ಮತ್ತು ಹೋಸುಗಳು ಕೊಂಬೆಗೆ ಸಿಗದಂತೆ ಉಕ್ಕಿನ ಮರೆ ಇದೆಯೇ ಎಂದು ಬಗ್ಗಿ ನೋಡಿ.