ಒಂದೇ ಮಲೇರಿಯಾ, ಒಬ್ಬರಿಗೆ ಜ್ವರ, ಇನ್ನೊಬ್ಬರಿಗಿಲ್ಲ: ಪರಾವಲಂಬಿಯ ಜೀನ್ ಚಟುವಟಿಕೆಯನ್ನು ಹೋಲಿಸುವುದು ಹೇಗೆ?

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ವರ್ಷಕ್ಕೆ ಐದಾರು ತಿಂಗಳು ಒಣ ಋತು. ನೀರು ನಿಲ್ಲುವುದಿಲ್ಲ, ಹಾಗಾಗಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಬಹುತೇಕ ಇಲ್ಲ, ಮಲೇರಿಯಾ ಜ್ವರವೂ ಅಪರೂಪ. ಮಳೆ ಬಿದ್ದು ಸೊಳ್ಳೆ ಎದ್ದೊಡನೆ ಜ್ವರ ಮತ್ತೆ ಮನೆಮನೆಗೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಪರಾವಲಂಬಿ ಎಲ್ಲಿ ಅಡಗಿತ್ತು? ಊರಿನವರ ರಕ್ತದಲ್ಲೇ. ಹೊಲಕ್ಕೆ ಹೋಗುವ, ಶಾಲೆಗೆ ಹೋಗುವ, ಏನೂ ತೊಂದರೆ ಕಾಣದ ಜನರ ಕೆಂಪು ರಕ್ತಕಣಗಳೊಳಗೆ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ತಿಂಗಳುಗಟ್ಟಲೆ ಬದುಕಿರುತ್ತದೆ.

ಮಕ್ಕಳ ಜೀವ ತೆಗೆಯುವ ಪರಾವಲಂಬಿಯೇ ಇದು. ಹಾಗಾದರೆ ಈ ಆರೋಗ್ಯವಂತರ ಮೈಯಲ್ಲಿ ಅದು ಬೇರೆ ಏನು ಮಾಡುತ್ತಿದೆ? ಉತ್ತರ ಹುಡುಕಲು ಅದರ ಜೀನ್ ಚಟುವಟಿಕೆಯನ್ನು ಅಳೆಯಬೇಕು. ಆ ಕೆಲಸದ ದಾರಿ ಮುಂದಿದೆ. ಜೀವವಿಜ್ಞಾನ ಓದುತ್ತಿರುವವರಿಗೆ ಇದು ಕೆಲಸಕ್ಕೆ ಬರುತ್ತದೆ. ‘ಮಲೇರಿಯಾ ಜೀನ್ ಪತ್ತೆ’ ಎಂಬ ಸುದ್ದಿ ನೋಡಿ ಅದನ್ನು ಎಷ್ಟು ನಂಬಬೇಕು ಎಂದು ಯೋಚಿಸುವವರಿಗೂ ಬರುತ್ತದೆ.

ಮೊದಲು ತಿಳಿದಿರಬೇಕಾದ್ದು

ಫಾಲ್ಸಿಪಾರಂ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, 2002ರಲ್ಲಿ ಪ್ರಕಟವಾಯಿತು. 14 ಕ್ರೋಮೋಸೋಮ್‌ಗಳು, ಸುಮಾರು 5,300 ಜೀನ್‌ಗಳು. ಜ್ವರ ಬಂದವರಲ್ಲೂ ಬಾರದವರಲ್ಲೂ ಹೆಚ್ಚುಕಡಿಮೆ ಇದೇ ಜೀನ್‌ಗಳಿರುತ್ತವೆ. ಯಾವ ಜೀನ್ ಈಗ ಕೆಲಸ ಮಾಡುತ್ತಿದೆ ಎಂಬುದನ್ನು ಹೇಳುವುದು ಆರ್‌ಎನ್‌ಎ. ಜೀನ್ ಚಾಲೂ ಆದಾಗ ಅದರ ಆರ್‌ಎನ್‌ಎ ಪ್ರತಿಗಳು ತಯಾರಾಗುತ್ತವೆ. ಆ ಪ್ರತಿಗಳನ್ನು ಎಣಿಸುವುದೇ ನಮ್ಮ ಕೆಲಸ.

ಇನ್ನೊಂದು ಸಂಗತಿ: ಈ ಪರಾವಲಂಬಿ ಕೆಂಪು ಕಣವನ್ನು ಹೊಕ್ಕು, ಬೆಳೆದು, ಹಲವಾಗಿ ಒಡೆದು ಹೊರಬರಲು ಸುಮಾರು 48 ಗಂಟೆ ಹಿಡಿಯುತ್ತದೆ. ಮೊದಲ ಗಂಟೆಗಳಲ್ಲಿ ಸೂಕ್ಷ್ಮದರ್ಶಕದಡಿ ಉಂಗುರದಂತೆ ಕಾಣುತ್ತದೆ. ಈ 48 ಗಂಟೆಗಳ ಲೆಕ್ಕ ಮರೆತರೆ ಮುಂದಿನದೆಲ್ಲ ಹಾಳು.

ಹಂತ 1: ಯಾರನ್ನು ಯಾರ ಜೊತೆ ಹೋಲಿಸಬೇಕು

ಇಂದು ಜ್ವರವಿಲ್ಲ ಎಂದಮಾತ್ರಕ್ಕೆ ಅದು ಲಕ್ಷಣರಹಿತ ಸೋಂಕಲ್ಲ. ನಾಡಿದ್ದು ಜ್ವರ ಬರಲಿರುವವರೂ ಇಂದು ಚೆನ್ನಾಗಿಯೇ ಇರುತ್ತಾರೆ. ಆದ್ದರಿಂದ ರಕ್ತ ಕೊಟ್ಟವರನ್ನು ಆಮೇಲೂ ಕೆಲವು ದಿನ ಗಮನಿಸಲೇಬೇಕು. ವಯಸ್ಸೂ ಊರೂ ಹೊಂದಬೇಕು, ಏಕೆಂದರೆ ಮಲೇರಿಯಾ ಸೀಮೆಯಲ್ಲಿ ಬೆಳೆದ ದೊಡ್ಡವರಿಗೆ ಪದೇ ಪದೇ ಸೋಂಕು ತಗುಲಿ ಪ್ರತಿಕಾಯಗಳು ಕೂಡಿಬಂದಿರುತ್ತವೆ. ಮೂರು ವರ್ಷದ ಮಗುವನ್ನೂ ನಲವತ್ತರ ರೈತನನ್ನೂ ಎದುರುಬದುರು ಇಟ್ಟರೆ ಅಳೆದದ್ದು ಪರಾವಲಂಬಿಯನ್ನೋ ಮನುಷ್ಯನನ್ನೋ ಹೇಳಲಾಗದು.

ಹಂತ 2: ರಕ್ತ ತೆಗೆದ ಕೂಡಲೇ ಆರ್‌ಎನ್‌ಎ ಕಾಪಾಡುವುದು

ಆರ್‌ಎನ್‌ಎ ಬೇಗ ಕೆಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ರಕ್ತದ ನಳಿಕೆ ಎರಡು ಗಂಟೆ ಕಾದರೆ ಪರಾವಲಂಬಿ ಅಲ್ಲೇ ಬೆಳೆಯಬಹುದು, ತಣ್ಣಗಾದರೆ ಒತ್ತಡಕ್ಕೆ ಸಿಕ್ಕಿ ಬೇರೆ ಜೀನ್‌ಗಳನ್ನು ಚಾಲೂ ಮಾಡಬಹುದು. ಹಾಗಾಗಿ ಟ್ರೈಜಾಲ್‌ನಂಥ ದ್ರಾವಣದಲ್ಲಿ ತಕ್ಷಣ ಬೆರೆಸಿ ಎಲ್ಲ ಚಟುವಟಿಕೆಯನ್ನೂ ನಿಲ್ಲಿಸಿ ಘನೀಕರಿಸುತ್ತಾರೆ. ಎರಡೂ ಗುಂಪಿನ ಮಾದರಿಗಳಿಗೆ ಒಂದೇ ಕ್ರಮ, ಒಂದೇ ಕಾಯುವಿಕೆ.

ಹಂತ 3: ಮನುಷ್ಯನ ಪಾಲನ್ನು ಬೇರ್ಪಡಿಸುವುದು

ರಕ್ತದಲ್ಲಿರುವ ಆರ್‌ಎನ್‌ಎ ಬಹುಪಾಲು ನಮ್ಮದೇ: ಬಿಳಿ ರಕ್ತಕಣಗಳದ್ದು, ಎಳೆಯ ಕೆಂಪು ಕಣಗಳ ಗ್ಲೋಬಿನ್‌ದು. ಶೋಧಕದ ಮೂಲಕ ಹಾಯಿಸಿ ಬಿಳಿ ಕಣಗಳನ್ನು ತೆಗೆಯಬಹುದು. ಜ್ವರ ಪೀಡಿತರ ರಕ್ತದಲ್ಲಿ ಪರಾವಲಂಬಿ ಧಾರಾಳ, ಕೆಲಸ ಸುಲಭ. ಲಕ್ಷಣ ಇಲ್ಲದವರಲ್ಲಿ ಅದು ಹಲವು ಬಾರಿ ರಕ್ತಲೇಪನದ ಗಾಜಿನಲ್ಲೂ ಕಾಣಸಿಗದಷ್ಟು ವಿರಳ, ಪಿಸಿಆರ್ ಪರೀಕ್ಷೆಯಲ್ಲಿ ಮಾತ್ರ ಸಿಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿ ಹೆಚ್ಚಿಸೋಣವೇ? 1976ರಿಂದ ಫಾಲ್ಸಿಪಾರಂ ಅನ್ನು ನಿರಂತರವಾಗಿ ಬೆಳೆಸುವ ವಿಧಾನ ಇದೆ. ಆದರೆ ಬೆಳೆಸಿದಷ್ಟು ದಿನವೂ ಅದು ಮೈಯೊಳಗಿನ ತನ್ನ ಸ್ಥಿತಿಯಿಂದ ದೂರ ಸರಿಯುತ್ತದೆ. ಕಷ್ಟವಾದರೂ ನೇರ ರಕ್ತದಿಂದಲೇ ಆರ್‌ಎನ್‌ಎ ತೆಗೆಯುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಹಂತ 4: ಓದುವುದು, ಎಣಿಸುವುದು

ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ ಅದರ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರಕ್ಕೆ ಕೊಡುತ್ತಾರೆ. ಬಂದ ತುಣುಕುಗಳಲ್ಲಿ ಮನುಷ್ಯನ ಜೀನೋಮಿಗೆ ಹೊಂದುವುದನ್ನು ಬಿಟ್ಟು, ಉಳಿದದ್ದನ್ನು 3ಡಿ7 ಎಂಬ ಮಾದರಿ ತಳಿಯ ಜೀನೋಮಿಗೆ ಹೊಂದಿಸಿ ಎಣಿಸುತ್ತಾರೆ. ಈ ಪರಾವಲಂಬಿಯ ಜೀನೋಮಿನಲ್ಲಿ ನೂರಕ್ಕೆ ಸುಮಾರು 80 ಅಕ್ಷರಗಳು ಎ ಮತ್ತು ಟಿ ಆಗಿರುವುದರಿಂದ ಪ್ರತಿ ಮಾಡುವಾಗ ಸ್ವಲ್ಪ ಎಚ್ಚರ ಬೇಕು. ಮಿಕ್ಕಂತೆ ಇಂದು ಇದು ರೂಢಿಯ ಕೆಲಸ.

ಹಂತ 5: ಪರಾವಲಂಬಿಯ ವಯಸ್ಸು ಕೇಳುವುದು

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನೇ ನೆನಪಿಡಿ.

2003ರಲ್ಲಿ ಕ್ಯಾಲಿಫೋರ್ನಿಯಾದ ಜೋಸೆಫ್ ಡಿರೀಸಿ ಅವರ ತಂಡ ಪ್ರಯೋಗಾಲಯದ ಪರಾವಲಂಬಿಯ ಜೀನ್ ಚಟುವಟಿಕೆಯನ್ನು 48 ಗಂಟೆಯುದ್ದಕ್ಕೂ ಗಂಟೆಗಂಟೆಗೂ ಅಳೆಯಿತು. ಬಹುತೇಕ ಜೀನ್‌ಗಳು ಒಂದು ಚಕ್ರದಲ್ಲಿ ಒಮ್ಮೆ ಮಾತ್ರ, ತಮ್ಮ ಅಗತ್ಯ ಬೀಳುವ ಹೊತ್ತಿಗೆ ಏರಿ ಆಮೇಲೆ ಇಳಿಯುತ್ತವೆ ಎಂದು ಗೊತ್ತಾಯಿತು. ಇದರ ಪರಿಣಾಮ ದೊಡ್ಡದು. ಒಬ್ಬರ ರಕ್ತದಲ್ಲಿ 8 ಗಂಟೆಯ ಪರಾವಲಂಬಿ, ಇನ್ನೊಬ್ಬರಲ್ಲಿ 18 ಗಂಟೆಯದು ಇದ್ದರೆ ಸಾವಿರಾರು ಜೀನ್‌ಗಳು ಬೇರೆಬೇರೆಯಾಗಿ ಕಾಣುತ್ತವೆ. ಅದನ್ನು ರೋಗದ ತೀವ್ರತೆಯ ಗುರುತೆಂದು ಹೇಳುವುದು, ನಾಟಿ ಮಾಡಿ ವಾರವಾದ ಗದ್ದೆಯನ್ನು ತೆನೆ ಕಟ್ಟಿದ ಗದ್ದೆಯ ಪಕ್ಕದಲ್ಲಿಟ್ಟು ಇವು ಬೇರೆ ತಳಿಗಳು ಎಂದಂತೆ.

ಇಂಥ ಗೊಂದಲ ನಿಜಕ್ಕೂ ಆಗಿದೆ. ಸೆನೆಗಲ್ ದೇಶದ ರೋಗಿಗಳ ರಕ್ತವನ್ನು ಆಧರಿಸಿ, ಪರಾವಲಂಬಿ ಮನುಷ್ಯನ ಮೈಯಲ್ಲಿ ಮೂರು ಬೇರೆಬೇರೆ ಸ್ಥಿತಿಗಳಲ್ಲಿರುತ್ತದೆ ಎಂದು 2007ರಲ್ಲಿ ವರದಿಯಾಯಿತು. 2009ರಲ್ಲಿ ಇನ್ನೊಂದು ತಂಡ ಪರಾವಲಂಬಿಯ ವಯಸ್ಸನ್ನೂ ಸೊಳ್ಳೆಗೆ ದಾಟಲು ಸಿದ್ಧವಾಗುವ ಲೈಂಗಿಕ ರೂಪಗಳ ಪ್ರಮಾಣವನ್ನೂ ಅಂದಾಜಿಸುವ ಗಣಿತವನ್ನು ಕಟ್ಟಿತು. ತಾವು ರೋಗಿಗಳಿಂದ ತೆಗೆದು ಬೆಳೆಸಿದ ಮಾದರಿಗಳಲ್ಲಿ ವಯಸ್ಸು ಹೊಂದಿಸಿ ನೋಡಿದಾಗ, ಕಾಯಿಲೆ ಎಷ್ಟೇ ಬೇರೆಯಿದ್ದರೂ ಜೀನ್ ಚಟುವಟಿಕೆಯಲ್ಲಿ ವ್ಯತ್ಯಾಸ ತೀರ ಕಡಿಮೆ ಇತ್ತು. ಹಿಂದಿನ ದತ್ತಾಂಶದ ಬೇರೆಬೇರೆ ಸ್ಥಿತಿಗಳಿಗೆ ಈ ಲೈಂಗಿಕ ರೂಪಗಳ ಪ್ರಮಾಣವೇ ಸಾಕಷ್ಟು ವಿವರಣೆ ಎಂದೂ ಅವರು ಕಂಡುಕೊಂಡರು.

ಆದ್ದರಿಂದ ಪ್ರತಿ ಮಾದರಿಯನ್ನೂ 48 ಗಂಟೆಯ ಮಾದರಿ ರೇಖೆಗಳ ಮೇಲಿಟ್ಟು ಸರಾಸರಿ ವಯಸ್ಸು ಅಂದಾಜಿಸಿ. ಲೈಂಗಿಕ ರೂಪಗಳ ಜೀನ್‌ಗಳು, ಉದಾಹರಣೆಗೆ ಎಪಿ2-ಜಿ, ಎಷ್ಟು ಎದ್ದಿವೆ ನೋಡಿ. ಇವನ್ನು ಲೆಕ್ಕದಲ್ಲಿ ಸೇರಿಸಿದ ಮೇಲೂ ಉಳಿಯುವ ವ್ಯತ್ಯಾಸವನ್ನು ಮಾತ್ರ ಚರ್ಚಿಸಿ. ಜ್ವರದ ಬಿಸಿಯೂ ಪರಾವಲಂಬಿಯ ಶಾಖಾಘಾತ ಪ್ರೋಟೀನುಗಳ ಜೀನ್‌ಗಳನ್ನು ಎಬ್ಬಿಸುತ್ತದೆ. ಅವು ಜ್ವರ ಪೀಡಿತರಲ್ಲಿ ಹೆಚ್ಚು ಕಂಡರೆ ಅದು ಜ್ವರದ ಕಾರಣವಲ್ಲ, ಫಲ.

ಹಂತ 6: ವಾರ್ ಜೀನ್‌ಗಳಿಗೆ ಪ್ರತ್ಯೇಕ ಲೆಕ್ಕ

ಫಾಲ್ಸಿಪಾರಂಗೆ ಸುಮಾರು 60 ವಾರ್ ಜೀನ್‌ಗಳಿವೆ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಚಾಲೂ ಇರುತ್ತದೆ. ಅದರಿಂದಾಗುವ ಪ್ರೋಟೀನ್ ಕೆಂಪು ಕಣದ ಮೇಲ್ಮೈಗೆ ಬಂದು ಕಣವನ್ನು ರಕ್ತನಾಳದ ಒಳಗೋಡೆಗೆ ಅಂಟಿಸುತ್ತದೆ. ಅಂಟಿಕೊಂಡರೆ ರಕ್ತ ಸೋಸುವ ಅಂಗವಾದ ಗುಲ್ಮಕ್ಕೆ ಸಿಕ್ಕಿ ನಾಶವಾಗುವುದು ತಪ್ಪುತ್ತದೆ. ಮಿದುಳಿನ ನಾಳಗಳಲ್ಲಿ ಹೀಗೆ ಕಣಗಳು ಅಂಟಿ ರಕ್ತದ ಹರಿವನ್ನು ತಡೆದಾಗಲೇ ಮಿದುಳು ಮಲೇರಿಯಾ ಬರುವುದು. ಯಾವ ವಾರ್ ಜೀನ್ ಎಂಬುದೂ ಮುಖ್ಯ: ಒಳಗೋಡೆಯ ಇಪಿಸಿಆರ್ ಎಂಬ ಗ್ರಾಹಕಕ್ಕೆ ಅಂಟುವ ಬಗೆಗಳಿಗೂ ಮಕ್ಕಳ ತೀವ್ರ ಮಲೇರಿಯಾಕ್ಕೂ ನಂಟಿದೆ ಎಂದು 2013ರಲ್ಲಿ ತಿಳಿಯಿತು.

ತೊಡಕೆಂದರೆ, ಈ ಜೀನ್‌ಗಳು ಪರಾವಲಂಬಿಯಿಂದ ಪರಾವಲಂಬಿಗೆ ಎಷ್ಟು ಬದಲಾಗುತ್ತವೆಂದರೆ 3ಡಿ7 ಮಾದರಿಗೆ ಬಹುತೇಕ ಹೊಂದುವುದೇ ಇಲ್ಲ. ಹಂತ 4ರ ಎಣಿಕೆಯಲ್ಲಿ ಅವು ಸುಮ್ಮನೆ ಬಿಟ್ಟುಹೋಗುತ್ತವೆ. ಪ್ರತಿ ರೋಗಿಯ ತುಣುಕುಗಳಿಂದಲೇ ಅವನ್ನು ಹೊಸದಾಗಿ ಜೋಡಿಸಿ, ಯಾವ ಬಗೆಗೆ ಸೇರುತ್ತವೆ ಎಂದು ವಿಂಗಡಿಸಬೇಕು. ‘ವಾರ್ ಜೀನ್‌ಗಳಲ್ಲಿ ವ್ಯತ್ಯಾಸವಿಲ್ಲ’ ಎಂದು ಯಾವುದಾದರೂ ವರದಿ ಹೇಳಿದರೆ, ಈ ಜೋಡಣೆ ಮಾಡಿದ್ದಾರೆಯೇ ಎಂದು ಮೊದಲು ನೋಡಿ.

ಮಾಲಿಯಲ್ಲಿ ಸಿಕ್ಕ ಉತ್ತರ

ಸಂಶೋಧಕಿ ಸಿಲ್ವಿಯಾ ಪೋರ್ಚುಗಲ್ ಮತ್ತು ಸಂಗಡಿಗರು ಮಾಲಿಯ ಜನರಲ್ಲಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಣ ಋತುವಿನ ಲಕ್ಷಣರಹಿತರ ಪರಾವಲಂಬಿಯ ಜೀನ್ ಚಟುವಟಿಕೆ ಮಳೆಗಾಲದ ಜ್ವರ ಪೀಡಿತರಿಗಿಂತ ಸ್ಪಷ್ಟವಾಗಿ ಬೇರೆಯಿತ್ತು. ಕಾರಣ ಪರಾವಲಂಬಿಯ ವಯಸ್ಸು! ಹೋಲಿಕೆಗೆ ಅಡ್ಡಿ ಎನಿಸಿದ್ದ ಸಂಗತಿಯೇ ಇಲ್ಲಿ ಉತ್ತರವಾಯಿತು. ಜ್ವರ ಬಂದವರಲ್ಲಿ ಪರಾವಲಂಬಿ ಎಳೆಯದಿರುವಾಗಲೇ ನಾಳದ ಗೋಡೆಗೆ ಅಂಟಿ ಹರಿಯುವ ರಕ್ತದಿಂದ ಮರೆಯಾಗುತ್ತದೆ, ಹಾಗಾಗಿ ಸೂಜಿಗೆ ಸಿಗುವುದು ಎಳೆಯವು ಮಾತ್ರ. ಒಣ ಋತುವಿನಲ್ಲಿ ಅದು ತಡವಾಗಿ ಅಂಟುತ್ತದೆ, ಹೆಚ್ಚು ಹೊತ್ತು ರಕ್ತದಲ್ಲಿ ಸುತ್ತುತ್ತದೆ. ಸುತ್ತುವಾಗ ಗುಲ್ಮ ಅದನ್ನು ಹಿಡಿದು ತೆಗೆಯುತ್ತದೆ. ಸಂತಾನ ಹೆಚ್ಚಿಸುವ ಶಕ್ತಿ ಅದರಲ್ಲಿ ಕುಂದಿರಲಿಲ್ಲ. ಹುಟ್ಟಿದಷ್ಟೂ ಗುಲ್ಮದಲ್ಲಿ ಸಾಯುತ್ತಿದ್ದುದರಿಂದ ಸಂಖ್ಯೆ ಜ್ವರದ ಮಟ್ಟಕ್ಕೆ ಏರಲಿಲ್ಲ. ಆತಿಥೇಯ ಬದುಕುತ್ತಾನೆ, ಪರಾವಲಂಬಿಯೂ ಮುಂದಿನ ಮಳೆಯವರೆಗೆ ಉಳಿಯುತ್ತದೆ.

ಅಂಟುವಿಕೆ ಹೀಗೇಕೆ ತಗ್ಗುತ್ತದೆ? ಚೆನ್ನಾಗಿ ಅಂಟುವ ಬಗೆಗಳನ್ನು ಪ್ರತಿಕಾಯಗಳು ಒಂದೊಂದಾಗಿ ಗುರುತಿಸಿ ತೊಡೆದಮೇಲೆ ದುರ್ಬಲವಾಗಿ ಅಂಟುವವು ಉಳಿದಿರುವ ಸಾಧ್ಯತೆ ಇದೆ. ಮುಂದಿನ ಅಧ್ಯಯನಗಳಿಗೆ ಇದೇ ಒಳ್ಳೆಯ ಪ್ರಶ್ನೆ.

ಮಂಗಳೂರಿನ ಮಾದರಿಗೆ ಇದೇ ಕ್ರಮ ಸಾಲದು

ಮಂಗಳೂರಿನಲ್ಲಿ ದಶಕಗಳಿಂದ ಕಾಡಿದ ಮಲೇರಿಯಾದಲ್ಲಿ ಪ್ಲಾಸ್ಮೋಡಿಯಂ ವೈವಾಕ್ಸ್ ಪಾಲೇ ಹೆಚ್ಚು. ವೈವಾಕ್ಸ್ ಎಳೆಯ ಕೆಂಪು ಕಣಗಳನ್ನಷ್ಟೇ ಹೊಗುತ್ತದೆ, ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಯುವುದಿಲ್ಲ. ಅದರ ಬಲಿತ ರೂಪಗಳೂ ರಕ್ತದಲ್ಲಿ ಸುತ್ತುವುದರಿಂದ ಒಂದೇ ಹನಿಯಲ್ಲಿ ಎಲ್ಲ ವಯಸ್ಸಿನವೂ ಬೆರೆತಿರುತ್ತವೆ. ಇಲ್ಲಿ ಸರಾಸರಿ ವಯಸ್ಸು ಏನನ್ನೂ ಹೇಳುವುದಿಲ್ಲ. ಯಾವ ವಯಸ್ಸಿನವು ಎಷ್ಟು ಪಾಲು ಎಂದು ಬಿಡಿಸುವ ಗಣಿತ ಬೇಕು, ಇಲ್ಲವೇ ಒಂದೊಂದೇ ಕಣವನ್ನು ಓದಬೇಕು.

ಶುರು ಮಾಡಲು

ಪ್ರಯೋಗಾಲಯ ಇಲ್ಲದಿದ್ದರೂ ನಡೆಯುತ್ತದೆ. 2021ರಲ್ಲಿ ಬೇರೆಬೇರೆ ಅಧ್ಯಯನಗಳ ಸಾರ್ವಜನಿಕ ದತ್ತಾಂಶವನ್ನೇ ಮರುಲೆಕ್ಕ ಹಾಕಿ, ಕಾಯಿಲೆ ತೀವ್ರವಾದಷ್ಟೂ ಪರಾವಲಂಬಿ ರಕ್ತದಲ್ಲಿ ಸುತ್ತುವ ಅವಧಿ ಕಡಿಮೆ ಎಂದು ತೋರಿಸಿದರು. ಮಲೇರಿಯಾ ಪರಾವಲಂಬಿಗಳ ಜೀನ್ ಮಾಹಿತಿಗೆ ಪ್ಲಾಸ್ಮೋಡಿಬಿ ಎಂಬ ಜಾಲತಾಣ ಇದೆ. ಅಲ್ಲಿ ಎಂಎಸ್‌ಪಿ1 ಮತ್ತು ಕೆಎಎಚ್‌ಆರ್‌ಪಿ ಎಂಬ ಎರಡು ಜೀನ್‌ಗಳನ್ನು ಹುಡುಕಿ, 48 ಗಂಟೆಯ ರೇಖೆಗಳನ್ನು ಅಕ್ಕಪಕ್ಕ ತೆರೆಯಿರಿ. ಕೆಎಎಚ್‌ಆರ್‌ಪಿ ಚಕ್ರದ ಮೊದಲರ್ಧದಲ್ಲಿ ಏರುತ್ತದೆ, ಎಂಎಸ್‌ಪಿ1 ಕೊನೆಯ ಭಾಗದಲ್ಲಿ. ಈಗ ಯಾವುದಾದರೂ ರೋಗಿಯ ಮಾದರಿಯಲ್ಲಿ ಇವೆರಡರ ಪ್ರಮಾಣವನ್ನು ನೋಡಿ, ಒಳಗಿರುವ ಪರಾವಲಂಬಿ ಎಷ್ಟು ಗಂಟೆಯದೆಂದು ಊಹಿಸಿ, ಆಮೇಲೆ ಎಲ್ಲ ಜೀನ್‌ಗಳನ್ನೂ ಸೇರಿಸಿ ಲೆಕ್ಕ ಹಾಕಿ ಹೋಲಿಸಿ.